ಕ್ವಾಂಟಂ ಗಣನೆಯ ಭರವಸೆ ಮತ್ತು ಬಳಕೆ: ಬೆಂಗಳೂರು ಹೊರವಲಯದ ಕೈಗಾರಿಕೆಗಳ ನೆಲೆಯಲ್ಲಿ

ಕ್ವಾಂಟಂ ಕಂಪ್ಯೂಟರಿಗೆ ಒಗ್ಗುವ ಲೆಕ್ಕಗಳು ಬೆರಳೆಣಿಕೆಯವು. ದೊಡ್ಡ ಸಂಖ್ಯೆಯನ್ನು ಅಪವರ್ತನಗಳಾಗಿ ಒಡೆಯುವುದು ಒಂದು. ಅದರ ದಾರಿಯನ್ನು 1994ರಲ್ಲಿ ಪೀಟರ್ ಶೋರ್ ತೋರಿಸಿದರು. ಅಣು ಮತ್ತು ಲೋಹವಸ್ತುಗಳ ಒಳವರ್ತನೆಯನ್ನು ಲೆಕ್ಕಹಾಕುವುದು ಇನ್ನೊಂದು. ಇವೆರಡರಲ್ಲಿ ಸಿಗುವ ಲಾಭ ಅಗಾಧ. ಹುಡುಕಾಟದ ಲೆಕ್ಕಗಳಿಗೆ 1996ರಲ್ಲಿ ಲವ್ ಗ್ರೋವರ್ ಕೊಟ್ಟ ವಿಧಾನ ಹೆಜ್ಜೆಗಳ ಸಂಖ್ಯೆಯನ್ನು ಅದರ ವರ್ಗಮೂಲದಷ್ಟಕ್ಕೆ ಇಳಿಸುತ್ತದೆ, ಅಷ್ಟೇ. ಪ್ರಚಾರದ ಭಾಷೆಯಲ್ಲಿ ಮೊದಲು ಕಳೆದುಹೋಗುವುದು ಈ ವ್ಯತ್ಯಾಸವೇ.

ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಕರ್ನಾಟಕ ಸರ್ಕಾರ 2025ರಲ್ಲಿ 1,000 ಕೋಟಿಯ ಯೋಜನೆಯನ್ನೂ, 2035ರ ಹೊತ್ತಿಗೆ 2,000 ಕೋಟಿ ಡಾಲರ್ ವಹಿವಾಟಿನ ಗುರಿಯನ್ನೂ ಪ್ರಕಟಿಸಿತು. ಕ್ವಾಂಟಂ ನಗರಿಗೆಂದು ಪೀಣ್ಯ ಕೈಗಾರಿಕಾ ಪ್ರದೇಶದ ಉತ್ತರಕ್ಕಿರುವ ಹೆಸರಘಟ್ಟದಲ್ಲಿ 6.17 ಎಕರೆ ಗೊತ್ತುಮಾಡಲಾಯಿತು. ಬೆಂಗಳೂರಿನ ಕ್ಯೂಪಿಎಐ ಕಂಪನಿ ಅದೇ ವರ್ಷ ಏಪ್ರಿಲ್‌ನಲ್ಲಿ 25 ಕ್ಯೂಬಿಟ್‌ಗಳ (ಕ್ವಾಂಟಂ ಗಣನೆಯ ಮೂಲ ಘಟಕಗಳ) ‘ಇಂಡಸ್’ ಯಂತ್ರವನ್ನು ಹೊರತಂದಿತು. ಎಂಜಿನಿಯರಿಂಗ್ ಸಾಧನೆಯಾಗಿ ಇದು ಸಣ್ಣದಲ್ಲ. ಆದರೆ 25 ಕ್ಯೂಬಿಟ್‌ಗಳ ಪೂರ್ಣ ಸ್ಥಿತಿಯನ್ನು ಬರೆದಿಡಲು ಬೇಕಾಗುವುದು 3,35,54,432 ಸಂಕೀರ್ಣ ಸಂಖ್ಯೆಗಳು. ಅಂದರೆ ಸುಮಾರು ಅರ್ಧ ಗಿಗಾಬೈಟ್ ಸ್ಮರಣೆ. ವೈಟ್‌ಫೀಲ್ಡ್‌ನ ಯಾವುದೇ ಐಟಿ ನೌಕರನ ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಜಾಗವಿದೆ, ಅಂದರೆ ಈ ಯಂತ್ರದ ಲೆಕ್ಕವನ್ನು ಆ ಲ್ಯಾಪ್‌ಟಾಪೇ ಅನುಕರಿಸಬಲ್ಲದು. ಲೆಕ್ಕ ಬಿಗಿಯಾಗುವುದು 50ರ ಆಸುಪಾಸಿನಲ್ಲಿ: ಆಗ ಬೇಕಾಗುವ ಸ್ಮರಣೆ ಸುಮಾರು 1 ಕೋಟಿ 80 ಲಕ್ಷ ಗಿಗಾಬೈಟ್.

ಕಾರ್ಖಾನೆಯ ಕೆಲಸದ ಸರತಿಯನ್ನು ಕ್ವಾಂಟಂ ಯಂತ್ರ ಚಿಟಿಕೆಯಲ್ಲಿ ಹೊಂದಿಸಿಕೊಡುತ್ತದೆ ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. ಪೀಣ್ಯದ ಜಾಬ್‌ವರ್ಕ್ ಶೆಡ್ಡೊಂದನ್ನು ಊಹಿಸಿಕೊಂಡು ಇದನ್ನು ಪರೀಕ್ಷಿಸಬಹುದು. ಒಂದು ಸಿಎನ್‌ಸಿ ಯಂತ್ರ, 20 ಆರ್ಡರು. ಯಾವುದರ ನಂತರ ಯಾವುದನ್ನು ಹಿಡಿದರೆ ಟೂಲ್ ಬದಲಿಸುವ ಹೊತ್ತು ಉಳಿಯುತ್ತದೆ ಎಂಬುದು ಪ್ರಶ್ನೆ. ಸಾಧ್ಯವಿರುವ ಸರತಿಗಳು ಸುಮಾರು 24,300 ಕೋಟಿ ಕೋಟಿ. ಗ್ರೋವರ್ ವಿಧಾನದಲ್ಲಿ ಇದು 120 ಕೋಟಿ ಸುತ್ತಿಗೆ ಇಳಿಯುತ್ತದೆ. ದೋಷ ತಿದ್ದಿಕೊಳ್ಳುವ ಯಂತ್ರವೊಂದು ಮುಂದೆ ಬಂದು, ಒಂದು ಹೆಜ್ಜೆಗೆ 10 ಮೈಕ್ರೊಸೆಕೆಂಡ್ ತೆಗೆದುಕೊಂಡು, ಪ್ರತಿ ಸುತ್ತಿಗೆ ಸಾವಿರ ಹೆಜ್ಜೆ ಸಾಕೆಂದುಕೊಂಡರೂ ಉತ್ತರಕ್ಕೆ ಹತ್ತಿರಹತ್ತಿರ 140 ದಿನ ಕಾಯಬೇಕು. ಇತ್ತ ಸಾಮಾನ್ಯ ಕಂಪ್ಯೂಟರು ಎಲ್ಲ ಸರತಿಗಳನ್ನೂ ತಡಕುವುದೇ ಇಲ್ಲ. ಮುಗಿದ ಆರ್ಡರುಗಳ ಗುಂಪುಗಳನ್ನೂ ಪ್ರತಿ ಗುಂಪಿನಲ್ಲಿ ಕೊನೆಗೆ ಮುಗಿದದ್ದು ಯಾವುದೆಂಬುದನ್ನೂ ಅಷ್ಟೇ ನೆನಪಿಟ್ಟುಕೊಳ್ಳುತ್ತದೆ, ಗುಂಪುಗಳು 10,48,576. ಕೆಲವು ಸೆಕೆಂಡುಗಳಲ್ಲಿ ಅತ್ಯುತ್ತಮ ಸರತಿ ಕೈಗೆ ಬರುತ್ತದೆ. ಆರ್ಡರು ಮಧ್ಯದಲ್ಲಿ ರದ್ದಾದರೆ, ಕರೆಂಟು ಹೋದರೆ ಮತ್ತೆ ಲೆಕ್ಕ ಹಾಕಲೂ ಸಮಯವಿರುತ್ತದೆ.

ಟೊರ್ಸ್ಟನ್ ಹೋಫ್ಲರ್, ಥಾಮಸ್ ಹೇನರ್, ಮಥಿಯಾಸ್ ಟ್ರೊಯರ್ 2023ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೂ ಇದೇ ನಿಲುವಿಗೆ ಬರುತ್ತದೆ: ವರ್ಗಮೂಲದ ಲಾಭವಷ್ಟೇ ಸಾಲದು. ದತ್ತಾಂಶವನ್ನು ಒಳಗೆ ತುಂಬುವ, ಹೊರಗೆ ತೆಗೆಯುವ ವೇಗವೂ ತೀರ ಕಡಿಮೆ ಎಂದು ಅವರು ತೋರಿಸಿದರು. ಬ್ಯಾಂಕು, ವಿಮೆ, ಚಿಲ್ಲರೆ ವ್ಯಾಪಾರಗಳ ರಾಶಿ ದಾಖಲೆಗಳ ಮೇಲೆ ನಿಂತಿರುವ ಎಲೆಕ್ಟ್ರಾನಿಕ್ ಸಿಟಿಯ ಐಟಿ ಕಂಪನಿಗಳ ದೈನಂದಿನ ಕೆಲಸಕ್ಕೆ ಈ ಎರಡನೆಯ ಅಡ್ಡಿಯೇ ದೊಡ್ಡದು.

ವಿಚಿತ್ರವೆಂದರೆ, ಯಂತ್ರಕ್ಕಿಂತ ಮೊದಲು ಅದರ ಭಯವೇ ಕೆಲಸ ಹುಟ್ಟಿಸಿದೆ. ದೊಡ್ಡ ಸಂಖ್ಯೆಯನ್ನು ಒಡೆಯುವ ಕಷ್ಟವನ್ನೇ ನಂಬಿರುವ 2048 ಬಿಟ್‌ಗಳ ಆರ್‌ಎಸ್‌ಎ ಗೂಢಲಿಪಿ ಮುರಿಯಲು 2 ಕೋಟಿ ಕ್ಯೂಬಿಟ್, 8 ಗಂಟೆ ಬೇಕೆಂದು 2019ರಲ್ಲಿ ಅಂದಾಜಿಸಲಾಗಿತ್ತು. 2025ರಲ್ಲಿ ಕ್ರೇಗ್ ಗಿಡ್ನಿ ಅದನ್ನು 10 ಲಕ್ಷಕ್ಕಿಂತ ಕಡಿಮೆ ಕ್ಯೂಬಿಟ್, ಒಂದು ವಾರದೊಳಗಿನ ಅವಧಿಗೆ ಇಳಿಸಿದರು. ಅಂಥ ಯಂತ್ರ ಇನ್ನೂ ಇಲ್ಲ. ಆದರೆ ಇಂದು ಕದ್ದಿಟ್ಟ ದಾಖಲೆಯನ್ನು ನಾಳೆ ಬಿಡಿಸಬಹುದು. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2024ರ ಆಗಸ್ಟ್‌ನಲ್ಲಿ ಕ್ವಾಂಟಂ ದಾಳಿಗೆ ಜಗ್ಗದ ಮೂರು ಗೂಢಲಿಪಿ ಮಾನಕಗಳನ್ನು ಹೊರಡಿಸಿತು. ಹಳೆಯ ತಂತ್ರಾಂಶಗಳಲ್ಲಿ ಆರ್‌ಎಸ್‌ಎ ಎಲ್ಲೆಲ್ಲಿ ಅಡಗಿದೆಯೆಂದು ಹುಡುಕಿ ಬದಲಿಸುವುದು ಮಾಮೂಲಿ ಕೋಡಿಂಗ್ ದುಡಿಮೆ, ಅದಕ್ಕೆ ಒಂದು ಕ್ಯೂಬಿಟ್ಟೂ ಬೇಡ. ಹೊರವಲಯದ ಐಟಿ ಕಂಪನಿಗಳಿಗೆ ಕ್ವಾಂಟಂ ವಿದ್ಯೆಯಿಂದ ಸದ್ಯಕ್ಕೆ ದಕ್ಕುವ ಖಚಿತ ಕೆಲಸ ಇದು.

ಪೀಣ್ಯದ ಪಾಲು ಬೇರೆಡೆ ಇರಬಹುದು. ಅತಿವಾಹಕ ಕ್ಯೂಬಿಟ್‌ಗಳು ಸುಮಾರು 10 ಮಿಲಿಕೆಲ್ವಿನ್ ತಣ್ಪಿನಲ್ಲಿ ಮಾತ್ರ ದುಡಿಯುತ್ತವೆ. ಆ ತಣ್ಪು ಕೊಡುವ ಶೀತಕಕ್ಕೆ ಚಿನ್ನದ ಲೇಪದ ತಾಮ್ರದ ತಟ್ಟೆಗಳು, ಗಾಳಿ ನುಸುಳದ ನಿರ್ವಾತ ಜೋಡಣೆಗಳು, ಮೈಕ್ರೊವೇವ್ ಕೇಬಲ್ಲುಗಳು ಬೇಕು. ಇವುಗಳಲ್ಲಿ ತಟ್ಟೆ ಮತ್ತು ಜೋಡಣೆ ಲೇತು, ಮಿಲ್ಲಿಂಗ್, ಲೇಪನ ಬಲ್ಲವರ ಕೈಕೆಲಸ.