ಕಿಣ್ವ, ಕಿಣ್ವಬಂಧ

ಪುಣೆಯ ಕನ್ನಡಿಗರ ಮನೆಯ ಮಗು ಮರಾಠಿ ಶಾಲೆಗೆ ಹೋಗುತ್ತಿದ್ದರೆ ವಿಜ್ಞಾನದ ಪಾಠದಲ್ಲಿ ಒಂದು ಪದ ಅದರ ಕಾಲಿಗೆ ತೊಡರುವುದು ಖಂಡಿತ. ಆ ಪದ 'ಕಿಣ್ವ'. ಮರಾಠಿ ಪುಸ್ತಕದಲ್ಲಿ ಅದರ ಅರ್ಥ ಯೀಸ್ಟ್, ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಏಕಕೋಶದ ಶಿಲೀಂಧ್ರ. 'ಕಿಣ್ವನ' ಎಂದರೆ ಹುದುಗುವಿಕೆ. ರಜೆಗೆ ಧಾರವಾಡಕ್ಕೆ ಬಂದು ದಾಯಾದಿ ತಮ್ಮನ ಪುಸ್ತಕ ಬಿಡಿಸಿದರೆ ಅಲ್ಲಿ ಕಿಣ್ವವೆಂದರೆ ಎನ್‌ಜೈಮ್: ಜೊಲ್ಲಿನಲ್ಲಿ ಪಿಷ್ಟವನ್ನು ಒಡೆಯುವ, ಹೊಟ್ಟೆಯಲ್ಲಿ ಪ್ರೋಟೀನನ್ನು ಕತ್ತರಿಸುವ ಅಣು. ಈ ಅಣುವಿಗೆ ಮರಾಠಿಯವರು 'ವಿಕರ' ಎನ್ನುತ್ತಾರೆ. ಕನ್ನಡದ ಕಿವಿಗೆ ಅದು 'ವಿಕಾರ' ಎಂದೇ ಕೇಳಿಸುವುದರಿಂದ ನಮ್ಮವರು ಅದನ್ನು ಆರಿಸದೆ ಹೋದದ್ದು ಒಳ್ಳೆಯದೇ ಆಯಿತು.

ಒಂದೇ ಸಂಸ್ಕೃತ ಪದ ಅಕ್ಕಪಕ್ಕದ ಎರಡು ಭಾಷೆಗಳಲ್ಲಿ ಹೀಗೆ ಕವಲೊಡೆಯಲು ಕಾರಣ ಹುಡುಕಿದರೆ ಹೆಂಡದ ಅಂಗಡಿಗೆ ಹೋಗಿ ನಿಲ್ಲಬೇಕಾಗುತ್ತದೆ.

ಕೌಟಿಲ್ಯನ ಅರ್ಥಶಾಸ್ತ್ರ ಶತಮಾನಗಳ ಕಾಲ ಹೆಸರಾಗಿ ಮಾತ್ರ ಉಳಿದಿತ್ತು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಅದರ ತಾಳೆಗರಿಯ ಪ್ರತಿಯನ್ನು ಗುರುತಿಸಿ 1909ರಲ್ಲಿ ಅಚ್ಚು ಮಾಡಿಸಿದವರು ಆರ್. ಶಾಮಶಾಸ್ತ್ರಿಗಳು. ಅದರ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನ ಪ್ರಕರಣವಿದೆ, ಎಂದರೆ ಆ ಕಾಲದ ಅಬಕಾರಿ ಇಲಾಖೆ. ಅಲ್ಲಿ ಕಿಣ್ವ ಮಾಡುವ ಕ್ರಮವನ್ನು ಅಳತೆ ಸಹಿತ ಕೊಟ್ಟಿದೆ: ಒಂದು ದ್ರೋಣ ಉದ್ದಿನ ಹಿಟ್ಟು, ಹಸಿಯಾದರೂ ಸರಿ ಬೇಯಿಸಿದ್ದಾದರೂ ಸರಿ, ಅದಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚು ಅಕ್ಕಿ, ಮೋರಟ ಮೊದಲಾದ ಗಿಡಮೂಲಿಕೆ ತಲಾ ಒಂದು ಕರ್ಷ. ಮೂಲಿಕೆಯನ್ನು ಬದಿಗಿಟ್ಟರೆ ಉಳಿಯುವುದು ಉದ್ದು ಮತ್ತು ಅಕ್ಕಿ, ನಮ್ಮ ಅಡುಗೆಮನೆಯಲ್ಲಿ ರಾತ್ರಿಯಿಡೀ ಹುದುಗುವ ಅದೇ ಜೋಡಿ. ಸುರೆಯ ಕಿಣ್ವವನ್ನು ಆಯುವ ಕೆಲಸ ಹೆಂಗಸರದು, ಮಕ್ಕಳದು ಎಂಬ ವಿವರವೂ ಅದೇ ಪ್ರಕರಣದಲ್ಲಿದೆ.

ಮನುಸ್ಮೃತಿಯಲ್ಲಿ ಕಳ್ಳತನದ ದಂಡ ಹೇಳುವ ಕಡೆ ನೂಲು, ಹತ್ತಿ, ಸಗಣಿ, ಬೆಲ್ಲ, ಮೊಸರು, ಹಾಲುಗಳ ಸಾಲಿನಲ್ಲಿ ಕಿಣ್ವವೂ ಬರುತ್ತದೆ. ಕದಿಯುವಷ್ಟು ಬೆಲೆಯಿದ್ದ, ಸಂತೆಯಲ್ಲಿ ಸಿಗುತ್ತಿದ್ದ ಸರಕು ಎಂದಾಯಿತು. ಹೆಂಡದ ಸಹವಾಸಕ್ಕೋ ಏನೋ, ಕೋಶಗಳು ಈ ಪದಕ್ಕೆ 'ಪಾಪ' ಎಂಬ ಅರ್ಥವನ್ನೂ ಅಂಟಿಸಿವೆ. ಇಂಥ ಅರ್ಥಗಳ ಹುಟ್ಟನ್ನು ಕಾಲಕ್ರಮದಲ್ಲಿ ತೋರಿಸಲೆಂದೇ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ 1948ರಲ್ಲಿ ಸಂಸ್ಕೃತ ಮಹಾಕೋಶದ ಕೆಲಸ ಶುರುವಾಯಿತು. ಮೊದಲ ಸಂಪುಟ 1976ರಲ್ಲಿ ಬಂತು. ಆಮೇಲೆ ಮೂವತ್ತಕ್ಕೂ ಹೆಚ್ಚು ಸಂಪುಟಗಳು ಬಂದರೂ ಕೋಶ ಇನ್ನೂ 'ಅ' ಅಕ್ಷರದಲ್ಲೇ ಇದೆ. 'ಕ'ಕಾರದ ಕಿಣ್ವ ಇಷ್ಟರಲ್ಲೇ ಬರುವ ಲಕ್ಷಣವಿಲ್ಲ.

ಸಂತೆಯ ಸರಕಾಗಿದ್ದ ಈ ಪದವನ್ನು ತತ್ತ್ವಶಾಸ್ತ್ರಕ್ಕೆ ಎಳೆದವರು ಚಾರ್ವಾಕರು. ದೇಹಕ್ಕಿಂತ ಬೇರೆಯಾದ ಆತ್ಮವಿಲ್ಲ. ಅಕ್ಕಿಯಲ್ಲೂ ಇಲ್ಲದ, ನೀರಿನಲ್ಲೂ ಇಲ್ಲದ ಅಮಲು ಕಿಣ್ವ ಸೇರಿದಾಗ ಹೇಗೆ ಹುಟ್ಟುತ್ತದೋ ಹಾಗೆಯೇ ನಾಲ್ಕು ಭೂತಗಳು ಕೂಡಿದಾಗ ಚೈತನ್ಯ ಹುಟ್ಟುತ್ತದೆ ಎಂಬುದು ಅವರ ವಾದ. ವಿಜಯನಗರ ಕಾಲದ ಮಾಧವ ತನ್ನ ಸರ್ವದರ್ಶನಸಂಗ್ರಹದ ಮೊದಲ ಅಧ್ಯಾಯದಲ್ಲೇ ಇದನ್ನು ದಾಖಲಿಸುತ್ತಾನೆ. ಮುಂದೆ ಖಂಡಿಸುವುದಕ್ಕೇ ದಾಖಲಿಸಿದ್ದು, ಆದರೂ ನಮಗೆ ಸಿಕ್ಕಿತಲ್ಲ. ಹುದುಗಲು ಜೀವ ಬೇಕೇ, ಇಲ್ಲ ಜಡವಸ್ತುಗಳೇ ಕೂಡಿ ಆ ಕೆಲಸ ಮಾಡಿಯಾವೇ ಎಂಬ ಪ್ರಶ್ನೆ ಈ ಉಪಮೆಯೊಳಗೆ ಅಡಗಿದೆ.

ಯುರೋಪು ಇದೇ ಪ್ರಶ್ನೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಯೋಗಶಾಲೆಗೆ ತಂದಿತು. ಬದುಕಿರುವ ಯೀಸ್ಟ್ ಇಲ್ಲದೆ ಸಕ್ಕರೆ ಮದ್ಯವಾಗದು ಎಂದು ಪಾಶ್ಚರ್ ಹಿಡಿದ ಪಟ್ಟು ಬಿಡಲಿಲ್ಲ. ಜೀವವಿಲ್ಲದೆಯೂ ಕೆಲಸ ಮಾಡುವ ಜೀರ್ಣರಸಗಳಂಥ ವಸ್ತುಗಳಿಗೆ ಬೇರೆ ಹೆಸರು ಬೇಕೆಂದು ಜರ್ಮನಿಯ ಕ್ಯೂನ್ 1870ರ ದಶಕದಲ್ಲಿ 'ಎನ್‌ಜೈಮ್' ಎಂಬ ಪದ ಕಟ್ಟಿದ. ಅದಕ್ಕೆ ಆತ ಎತ್ತಿಕೊಂಡ ಗ್ರೀಕ್ ಪದವೂ ಹಿಟ್ಟಿಗೆ ಹಾಕುವ ಹೆಪ್ಪಿನದೇ. 1897ರಲ್ಲಿ ಬುಕ್ನರ್ ಯೀಸ್ಟನ್ನು ಮರಳಿನೊಂದಿಗೆ ಅರೆದು, ಹಿಂಡಿ, ರಸ ತೆಗೆದ. ಒಂದೂ ಜೀವಂತ ಕೋಶವಿಲ್ಲದ ಆ ರಸಕ್ಕೆ ಸಕ್ಕರೆ ಬೆರೆಸಿದರೆ ನೊರೆ ಎದ್ದಿತು. ಆತನಿಗೆ 1907ರಲ್ಲಿ ನೊಬೆಲ್ ಬಂತು. ಚಾರ್ವಾಕರ ವಾದದ ಕಾಲು ಭಾಗವಾದರೂ ಅಂದು ಗೆದ್ದಿತೆನ್ನಬಹುದು. ಅಮಲಿಗೆ ಜೀವ ಬೇಡ ಎಂಬುದಷ್ಟೇ ಸಿದ್ಧವಾಯಿತು, ಚೈತನ್ಯದ ಮಾತು ಇನ್ನೂ ಹಾಗೆಯೇ ಇದೆ.

ಕವಲು ಒಡೆದದ್ದೂ ಈ ಅರೆಯುವ ಕಲ್ಲಿನಲ್ಲೇ. ಮರಾಠಿ ಯೀಸ್ಟನ್ನು ಇಡಿಯಾಗಿ ಹಿಡಿದು ಕಿಣ್ವ ಎಂದಿತು. ಕನ್ನಡ ಅದನ್ನು ಅರೆದಾಗ ಬಂದ ರಸವನ್ನು ಕಿಣ್ವ ಎಂದಿತು. ಎರಡರಲ್ಲಿ ಯಾವುದೂ ತಪ್ಪಲ್ಲ.

ಪುಣೆಯಲ್ಲಿ ಈ ಎರಡು ಅರ್ಥಗಳೂ ಒಂದಾದ ಮೇಲೊಂದು ಕೆಲಸಕ್ಕೆ ಬಂದಿವೆ. ಊರಿನ ಉತ್ತರಕ್ಕಿರುವ ಪಿಂಪರಿಯಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ 1955ರಲ್ಲಿ ಪೆನಿಸಿಲಿನ್ ತಯಾರಿಕೆ ಆರಂಭಿಸಿತು. ಪಾಷಾಣ್ ರಸ್ತೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ, ಎಲ್ಲರ ಬಾಯಲ್ಲಿ ಎನ್‌ಸಿಎಲ್, 1950ರ ಜನವರಿಯಲ್ಲೇ ಬಾಗಿಲು ತೆರೆದಿತ್ತು. ಪೆನಿಸಿಲಿನ್ ಅಣುವಿಗೆ ಒಂದು ತಿರುಳು, ಅದಕ್ಕೊಂದು ಬಾಲ. ಬಾಲವನ್ನು ಕತ್ತರಿಸಿ ತಿರುಳನ್ನು (ಇದಕ್ಕೆ 6-ಎಪಿಎ ಎಂದು ಹೆಸರು) ಉಳಿಸಿಕೊಂಡರೆ ಬೇರೆ ಬಾಲ ಜೋಡಿಸಿ ಆಂಪಿಸಿಲಿನ್, ಅಮಾಕ್ಸಿಸಿಲಿನ್ ಮಾಡಬಹುದು. ರಾಸಾಯನಿಕ ದಾರಿಯಲ್ಲಿ ಈ ಕತ್ತರಿಗೆ ಸೊನ್ನೆಗಿಂತ ಬಹಳ ಕೆಳಗಿನ ಚಳಿ ಬೇಕು, ರಂಜಕದ ಕಟು ಕ್ಲೋರೈಡು ಬೇಕು, ಕ್ಲೋರಿನ್ ತುಂಬಿದ ದ್ರಾವಕ ಬೇಕು. ಪೆನಿಸಿಲಿನ್ ಅಸೈಲೇಸ್ ಎಂಬ ಕಿಣ್ವ ಅದನ್ನು ಬರೀ ನೀರಿನಲ್ಲಿ, ಮೈಬಿಸಿಯ ಆಸುಪಾಸಿನಲ್ಲಿ ಮಾಡಿ ಮುಗಿಸುತ್ತದೆ.

ಎನ್‌ಸಿಎಲ್‌ನವರು ಈ ಕೆಲಸಕ್ಕೆ ಮೊದಲು ಇಡೀ ಬ್ಯಾಕ್ಟೀರಿಯಾವನ್ನೇ ಬಳಸಿ ನೋಡಿದ್ದರು. ಇ. ಕೋಲಿ ಕೋಶದ ಗೋಡೆಯಲ್ಲಿ ತೂತು ಬೀಳುವಂತೆ ಮಾಡಿ, ಕೋಶಗಳನ್ನು ಒಂದು ಆಸರೆಯಲ್ಲಿ ಕಟ್ಟಿಹಾಕುವುದು. ಅದರ ಮೂಲಕ ಪೆನಿಸಿಲಿನ್ ದ್ರಾವಣ ಹರಿಸುವುದು. ಕೋಶ ಸತ್ತಿದ್ದರೂ ಒಳಗಿನ ಕತ್ತರಿ ನಡೆಯುತ್ತಲೇ ಇರುತ್ತದೆ, ಮತ್ತೆ ಮತ್ತೆ ಬಳಸಬಹುದು. ಇಲ್ಲಿ ಕಿಣ್ವ ಇನ್ನೂ ಮರಾಠಿ ಅರ್ಥದ ಹತ್ತಿರವೇ ಇದೆ. ಆಮೇಲೆ ಕಿಣ್ವವನ್ನು ಕೋಶದಿಂದ ಬಿಡಿಸಿ, ಶುದ್ಧಮಾಡಿ, ಹರಳುಗಟ್ಟಿಸಿದರು. ಬ್ಯಾಸಿಲಸ್ ಸ್ಫೇರಿಕಸ್ ಎಂಬ ಬ್ಯಾಕ್ಟೀರಿಯಾದ ಪೆನಿಸಿಲಿನ್ ವಿ ಅಸೈಲೇಸಿನ ಆಕಾರವನ್ನು ಸಿ. ಜಿ. ಸುರೇಶ್, ಅರ್ಚನಾ ಪುಂಡಲೆ ಮತ್ತು ಸಂಗಡಿಗರು ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದವರ ಜೊತೆಗೂಡಿ 1999ರಲ್ಲಿ ಪ್ರಕಟಿಸಿದರು. ಒಂದೇ ಬಗೆಯ ನಾಲ್ಕು ಸರಪಳಿಗಳು, ಒಂದೊಂದರಲ್ಲಿ 338 ಅಮೈನೋ ಆಮ್ಲ. ಇಷ್ಟರಲ್ಲಿ ಕತ್ತರಿಯ ಅಲಗು ಸರಪಳಿಯ ಮೊಟ್ಟಮೊದಲ ಸಿಸ್ಟೀನ್. ಹುಟ್ಟುವಾಗ ಅದರ ಮುಂದೆ ಇನ್ನೂ ಮೂರು ಅಮೈನೋ ಆಮ್ಲಗಳಿರುತ್ತವೆ. ಕಿಣ್ವ ತನ್ನ ತಲೆಯ ಆ ತುಂಡನ್ನು ತಾನೇ ಕತ್ತರಿಸಿ ಎಸೆದ ಮೇಲೆ ಸಿಸ್ಟೀನ್ ಹೊರಗೆ ಬಂದು ಕೆಲಸಕ್ಕೆ ಸಿದ್ಧವಾಗುತ್ತದೆ. ಆ ಸಿಸ್ಟೀನನ್ನೇ ಬೇರೆಯದಾಗಿ ಮಾರ್ಪಡಿಸಿದ ರೂಪಗಳನ್ನೂ ಇದೇ ತಂಡ ಮುಂದೆ ಕಟ್ಟಿ ನೋಡಿತು. ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಪಿತ್ತಲವಣವನ್ನು ಒಡೆಯುವ ಕಿಣ್ವವೂ ಇದೇ ಮನೆತನದ್ದೆಂದು 1999ರ ಆ ಆಕಾರದಿಂದ ತಿಳಿದು ಬಂತು. ಪೆನಿಸಿಲಿನ್ನಿನ ಕತ್ತರಿಗೆ ನಮ್ಮ ಹೊಟ್ಟೆಯಲ್ಲಿ ನೆಂಟರಿದ್ದಾರೆ ಎಂದು ಯಾರು ಊಹಿಸಿದ್ದರು!

ನಿಸರ್ಗ ಕೊಟ್ಟ ಕಿಣ್ವಕ್ಕೆ ಕಾರ್ಖಾನೆಯ ಅಭ್ಯಾಸವಿಲ್ಲ. ಬಿಸಿ ಹೆಚ್ಚಾದರೆ ಅದರ ಮಡಿಕೆ ಬಿಚ್ಚಿಕೊಳ್ಳುತ್ತದೆ, ದ್ರಾವಕ ತಾಗಿದರೆ ಸುಮ್ಮನಾಗುತ್ತದೆ. ಇದನ್ನು ತಿದ್ದಲು ಎರಡು ದಾರಿಗಳು ತೆರೆದವು. ಆಕಾರ ತಿಳಿದಿದ್ದರೆ, ಜೀನಿನಲ್ಲಿ ಬೇಕಾದ ಅಕ್ಷರವನ್ನೇ ಆರಿಸಿ ಬದಲಿಸುವುದು ಒಂದು. ಆ ವಿಧಾನಕ್ಕೆ ಮೈಕೆಲ್ ಸ್ಮಿತ್ 1993ರಲ್ಲಿ ನೊಬೆಲ್ ಪಡೆದರು. ಆಕಾರದ ಗೊಡವೆಗೇ ಹೋಗದೆ ಜೀನಿನಲ್ಲಿ ಎಲ್ಲೆಂದರಲ್ಲಿ ತಪ್ಪುಗಳನ್ನು ಬಿತ್ತಿ, ಹುಟ್ಟಿದವುಗಳಲ್ಲಿ ಗಟ್ಟಿಯಾದದ್ದನ್ನು ಆಯ್ದು, ಅದನ್ನೇ ಮತ್ತೆ ಬಿತ್ತುವುದು ಇನ್ನೊಂದು. ರೈತ ಬೀಜದ ತೆನೆ ಆರಿಸಿಟ್ಟಂತೆ. ಸಬ್ಟಿಲಿಸಿನ್ ಎಂಬ ಕಿಣ್ವ ನೂರಕ್ಕೆ ಅರವತ್ತು ಪಾಲು ದ್ರಾವಕವಿದ್ದರೂ ಮೂಲದ 256 ಪಟ್ಟು ಚುರುಕಾಗುವಂತೆ ಫ್ರಾನ್ಸಿಸ್ ಆರ್ನಾಲ್ಡ್ 1993ರಲ್ಲಿ ಹೀಗೇ ಮಾಡಿ ತೋರಿಸಿದರು. ಅವರಿಗೆ 2018ರಲ್ಲಿ ನೊಬೆಲ್ ಬಂತು. ನನಗೆ ಎರಡನೆಯ ದಾರಿಯೇ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿಕೊಂಡೇ ಅದು ಹೊರಡುತ್ತದೆ.

ಈ ವಿದ್ಯೆಗೆ ಕನ್ನಡದಲ್ಲಿ ಒಂದು ಹೆಸರು ಬೇಕಾಗಿದೆ. 'ಕಿಣ್ವ ಎಂಜಿನಿಯರಿಂಗ್' ಎಂದು ಬರೆಯುತ್ತೇವೆ, ನಡೆಯುತ್ತದೆ. ಆದರೆ ಅರ್ಥಶಾಸ್ತ್ರವನ್ನು ಮತ್ತೆ ತೆರೆದರೆ, ಉದ್ದು ಅಕ್ಕಿಯ ಆ ಅಳತೆಯ ಕೊನೆಗೆ ಕೌಟಿಲ್ಯ ಬಳಸಿದ ಪದ 'ಕಿಣ್ವಬಂಧ', ಎಂದರೆ ಕಿಣ್ವವನ್ನು ಕಟ್ಟುವ ಕ್ರಮ. ಅವನ ಪಾಲಿಗೆ ಕಿಣ್ವ ಕಾಡಿನಲ್ಲಿ ಸಿಗುವ ವಸ್ತುವಲ್ಲ, ಬೇಕಾದ ಅಮಲಿಗೆ ತಕ್ಕಂತೆ ಕೈಯಾರೆ ಕಟ್ಟುವಂಥದ್ದು. ಕ್ಯೂನ್ ಹೆಸರಿಟ್ಟ ಮೇಲೆ ನೂರು ವರ್ಷ ಕಿಣ್ವವೆಂದರೆ ನಿಸರ್ಗದಲ್ಲಿ ಹುಡುಕಿ ತೆಗೆಯುವ ವಸ್ತುವೇ ಆಗಿತ್ತು, ಈಗ ಮತ್ತೆ ಕಟ್ಟುವ ವಸ್ತುವಾಗಿದೆ. ತೊಡಕೊಂದೇ: ರಸಾಯನಶಾಸ್ತ್ರದಲ್ಲಿ 'ಬಂಧ'ವನ್ನು ಆಗಲೇ ಪರಮಾಣುಗಳ ನಡುವಿನ ಕೊಂಡಿಗೆ ಕೊಟ್ಟಾಗಿದೆ. ಎನ್‌ಸಿಎಲ್‌ನವರು ಕೋಶಗಳನ್ನು ಆಸರೆಗೆ ಕಟ್ಟಿಹಾಕಿದರಲ್ಲ, ಅದಕ್ಕೂ ಕಿಣ್ವಬಂಧ ಎಂದರೆ ತಪ್ಪಾಗದು. ಪಠ್ಯಪುಸ್ತಕ ಸಮಿತಿಯವರು ಯಾವ ಅರ್ಥಕ್ಕೆ ಕೊಡುತ್ತಾರೋ ಕೊಡಲಿ, ಪದವಂತೂ ಸಿದ್ಧವಾಗಿದೆ.