ಹಾಜರಿಯ ಲೆಕ್ಕ, ಕ್ರೆಡಿಟ್ಟಿನ ಲೆಕ್ಕ: ಅಮೆರಿಕದ ಹೈಸ್ಕೂಲಿನಲ್ಲಿ ಕಾಯಿಲೆ ಬಿದ್ದ ಮಕ್ಕಳು

ಕರ್ನಾಟಕದಲ್ಲಿ ಓದಿ ಅಮೆರಿಕದಲ್ಲಿ ನೆಲೆಸಿದ ತಂದೆತಾಯಿಯರಿಗೆ ಅಲ್ಲಿನ ಹೈಸ್ಕೂಲಿನ ಒಂದು ಸಂಗತಿ ಮಗು ಕಾಯಿಲೆ ಬೀಳುವವರೆಗೂ ಗಮನಕ್ಕೆ ಬರುವುದಿಲ್ಲ. ನಮ್ಮ ಎಸ್ಎಸ್ಎಲ್‌ಸಿ, ಪಿಯುಸಿಗಳಲ್ಲಿ ಶೇ. 75 ಹಾಜರಿ ಬೇಕೆಂಬ ನಿಯಮವಿದ್ದರೂ ಎಲ್ಲವೂ ಕೊನೆಗೆ ಬಂದು ನಿಲ್ಲುವುದು ಪರೀಕ್ಷೆಯ ಮೇಲೆ. ಟೈಫಾಯ್ಡ್ ಬಂದು ಪರೀಕ್ಷೆ ತಪ್ಪಿಸಿಕೊಂಡ ಹುಡುಗ ಮುಂದಿನ ಸಲ ಕೂರುತ್ತಾನೆ; 2024ರಲ್ಲಂತೂ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿಯೇ ಬಂತು. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಇಂಥ ಒಂದು ಕಡೆಯ ಪರೀಕ್ಷೆ ಇಲ್ಲ. ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ನಾಲ್ಕು ವರ್ಷ, ವಿಷಯವಾರು, ಸೆಮಿಸ್ಟರ್‌ವಾರು ಗಳಿಸಿದ ಕ್ರೆಡಿಟ್‌ಗಳು ಸೇರಿ ಡಿಪ್ಲೊಮಾ ಆಗುತ್ತದೆ. ಹತ್ತನೆಯ ತರಗತಿಯಲ್ಲಿ ಮೂರು ತಿಂಗಳು ಹಾಸಿಗೆ ಹಿಡಿದರೆ ಆ ಕೊರತೆ ಹನ್ನೆರಡನೆಯ ತರಗತಿಯ ಕೊನೆಗೆ ಎದುರಾಗುತ್ತದೆ.

ಕಾಯಿಲೆಯಿಂದ ಹಿಂದೆ ಬಿದ್ದ ಮಕ್ಕಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಶಾಲೆಯ ಕರುಣೆ ಅಥವಾ ಅದರ ಕೊರತೆಯ ಮೇಲೆ ಗಮನ ಇಡುತ್ತಾರೆ. ನಿಯಮಗಳನ್ನು ಓದುತ್ತಾ ಹೋದರೆ ತೊಂದರೆಯ ಮೂಲ ಬೇರೆಡೆ ಇರುವುದು ಕಾಣುತ್ತದೆ. ಮಗು ಶಾಲೆಯಲ್ಲಿ ಇತ್ತೇ ಎಂಬ ಲೆಕ್ಕ ಒಂದು, ಮಗು ವಿಷಯವನ್ನು ಪೂರೈಸಿತೇ ಎಂಬ ಲೆಕ್ಕ ಇನ್ನೊಂದು. ಕಾಯಿಲೆ ಬಿದ್ದ ಮಕ್ಕಳಿಗಾಗಿ ಮಾಡಿರುವ ಏರ್ಪಾಡುಗಳು ಹೆಚ್ಚಾಗಿ ಮೊದಲನೆಯ ಲೆಕ್ಕವನ್ನು ಸರಿಪಡಿಸುತ್ತವೆ. ಡಿಪ್ಲೊಮಾ ಸಿಗುವುದು ಎರಡನೆಯದರಿಂದ.

ಇದರ ಹಿಂದೆ ಒಂದು ಪಿಂಚಣಿಯ ಕಥೆ ಇದೆ. 1905ರಲ್ಲಿ ಆಂಡ್ರೂ ಕಾರ್ನೆಗಿ ಕಾಲೇಜು ಅಧ್ಯಾಪಕರ ನಿವೃತ್ತಿ ವೇತನಕ್ಕೆಂದು ಒಂದು ಕೋಟಿ ಡಾಲರ್ ಕೊಟ್ಟರು. ಅದನ್ನು ಹಂಚಲು ಹುಟ್ಟಿದ ಕಾರ್ನೆಗಿ ಪ್ರತಿಷ್ಠಾನ, ಯಾವ ಸಂಸ್ಥೆಯನ್ನು ಕಾಲೇಜು ಎಂದು ಒಪ್ಪುವುದು ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾಯಿತು. ಹೈಸ್ಕೂಲಿನಲ್ಲಿ 14 ಯೂನಿಟ್ ಓದಿದವರನ್ನು ಮಾತ್ರ ಸೇರಿಸಿಕೊಳ್ಳುವ ಕಾಲೇಜುಗಳ ಅಧ್ಯಾಪಕರಿಗೆ ಪಿಂಚಣಿ ಎಂದು ಷರತ್ತು ಹಾಕಿತು. ಒಂದು ಯೂನಿಟ್ ಎಂದರೆ ಒಂದು ವಿಷಯದಲ್ಲಿ ವರ್ಷಕ್ಕೆ 120 ಗಂಟೆಗಳ ಪಾಠ. ಪಿಂಚಣಿಯ ಆಸೆಗೆ ಕಾಲೇಜುಗಳು ಒಪ್ಪಿದವು, ಕಾಲೇಜುಗಳ ದಾರಿಯನ್ನೇ ಹೈಸ್ಕೂಲುಗಳು ಹಿಡಿದವು. ಅಧ್ಯಾಪಕರ ಮುಪ್ಪಿಗೆ ನೆರವಾಗಲೆಂದು ಗೊತ್ತು ಮಾಡಿದ ಅಳತೆ ನೂರು ವರ್ಷಕ್ಕೂ ಮೇಲ್ಪಟ್ಟು ಹದಿಹರೆಯದವರ ಓದನ್ನು ಗಂಟೆಗಳಲ್ಲಿ ಅಳೆಯುತ್ತಾ ಬಂದಿದೆ. ಆರೋಗ್ಯವಂತ ಮಗುವಿಗೆ ಈ ಅಳತೆಯಿಂದ ಯಾವ ತೊಡಕೂ ಇಲ್ಲ. ಕಾಯಿಲೆ ಮೊದಲು ಕಸಿದುಕೊಳ್ಳುವುದೇ ಗಂಟೆಗಳನ್ನು.

ಆ ಯೂನಿಟ್ಟಿನಿಂದ ಬೆಳೆದ ಇಂದಿನ ಕ್ರೆಡಿಟ್ ಎಷ್ಟು ಬೇಕೆಂಬುದನ್ನು ಕೇಂದ್ರ ಸರ್ಕಾರ ಹೇಳುವುದಿಲ್ಲ. ರಾಜ್ಯಗಳೂ ಸ್ಥಳೀಯ ಶಾಲಾ ಜಿಲ್ಲೆಗಳೂ ಗೊತ್ತು ಮಾಡುತ್ತವೆ. ನ್ಯೂಯಾರ್ಕ್ 22 ಎನ್ನುತ್ತದೆ. ಟೆಕ್ಸಾಸ್‌ನಲ್ಲಿ ವಿಶೇಷ ಒತ್ತಿನ ವಿಷಯಗಳೂ ಸೇರಿ 26. ಕ್ಯಾಲಿಫೋರ್ನಿಯಾದ ಎಣಿಕೆಯೇ ಬೇರೆ: ಒಂದು ಸೆಮಿಸ್ಟರಿನ ಒಂದು ವಿಷಯಕ್ಕೆ 5 ಕ್ರೆಡಿಟ್. ರಾಜ್ಯ ಬಹುಕಾಲದಿಂದ ಕಡ್ಡಾಯ ಮಾಡಿರುವುದು 13 ವಾರ್ಷಿಕ ಪಠ್ಯಗಳು, ಅಂದರೆ 130 ಕ್ರೆಡಿಟ್. ಆದರೆ ಲಾಸ್ ಏಂಜಲೀಸ್ ಜಿಲ್ಲೆ ಕೇಳುವುದು 210. ರಾಜ್ಯದ ಕನಿಷ್ಠಕ್ಕೂ ಜಿಲ್ಲೆಯ ಬೇಡಿಕೆಗೂ ನಡುವಿನ ಈ 80 ಕ್ರೆಡಿಟ್‌ಗಳ ಅಂತರವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಅದೇ ಮುಖ್ಯವಾಗುತ್ತದೆ.

ಗಂಟೆಗಳ ಅಳತೆ ಎಷ್ಟು ಬಿಗಿಯಾಗಬಲ್ಲದು ಎಂಬುದಕ್ಕೆ ಟೆಕ್ಸಾಸ್ ಉದಾಹರಣೆ. ತರಗತಿ ನಡೆದ ದಿನಗಳಲ್ಲಿ ಶೇ. 90 ಹಾಜರಿ ಇಲ್ಲದ ವಿದ್ಯಾರ್ಥಿಗೆ ಆ ವಿಷಯದ ಕ್ರೆಡಿಟ್ ಕೊಡುವಂತಿಲ್ಲ ಎಂದು ಅಲ್ಲಿನ ಶಿಕ್ಷಣ ಸಂಹಿತೆ ಹೇಳುತ್ತದೆ. ಸೆಮಿಸ್ಟರಿಗೆ ಸುಮಾರು 90 ದಿನ ಎಂದಿಟ್ಟುಕೊಂಡರೆ ತಪ್ಪಿಸಿಕೊಳ್ಳಬಹುದಾದದ್ದು ಒಂಬತ್ತು ದಿನ. ಸಿಕಲ್ ಸೆಲ್ ಕಾಯಿಲೆ ಇರುವ ಒಬ್ಬ ಹುಡುಗಿಯ ಸೆಮಿಸ್ಟರನ್ನು ಊಹಿಸಿಕೊಳ್ಳಿ. ಸೆಪ್ಟೆಂಬರಿನಲ್ಲಿ ನೋವಿನ ಉಲ್ಬಣ, ನಾಲ್ಕು ದಿನ ಆಸ್ಪತ್ರೆ. ಅಕ್ಟೋಬರಿನಲ್ಲಿ ಜ್ವರ ಬಂದು ಮೂರು ದಿನ. ನವೆಂಬರಿನಲ್ಲಿ ಮತ್ತೆ ನೋವು, ಮೂರು ದಿನ. ಹತ್ತಾಯಿತು. ಗಣಿತದಲ್ಲಿ ಅವಳ ಅಂಕ ಎಂಬತ್ತೈದೇ ಇರಲಿ, ಕ್ರೆಡಿಟ್ ಕೊಡುವುದೋ ಬೇಡವೋ ಎಂಬುದು ಹಾಜರಿ ಸಮಿತಿಯ ಮುಂದೆ ಹೋಗುತ್ತದೆ, ಇಲ್ಲವೇ ಪ್ರಾಂಶುಪಾಲರು ಒಪ್ಪಿದ ಯೋಜನೆಯಂತೆ ಅವಳು ಹೆಚ್ಚುವರಿ ಕೆಲಸ ಮಾಡಬೇಕಾಗುತ್ತದೆ. ಸಮಿತಿಗೆ ವಿನಾಯಿತಿ ಕೊಡುವ ಅಧಿಕಾರ ಇದೆ, ಕಾಯಿಲೆಗೆ ಅದು ಸಿಗಬಹುದು ಕೂಡ. ಆದರೂ ಪಾಠ ಕಲಿತ ಮಗು ಕಲಿತದ್ದಕ್ಕಾಗಿ ಅರ್ಜಿ ಹಾಕಿಕೊಳ್ಳಬೇಕಾದ ಸ್ಥಿತಿ ನನಗೆ ನ್ಯಾಯವೆನಿಸುವುದಿಲ್ಲ.

ದೀರ್ಘ ಕಾಯಿಲೆಗೆ ಇರುವ ಮುಖ್ಯ ಏರ್ಪಾಡು ಮನೆಗೆ ಅಥವಾ ಆಸ್ಪತ್ರೆಗೆ ಬಂದು ಪಾಠ ಹೇಳುವ ಶಿಕ್ಷಕರು. ಇದಕ್ಕೆ ಅರ್ಹತೆ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆಕ್ಸಾಸ್‌ನಲ್ಲಿ ಕನಿಷ್ಠ ನಾಲ್ಕು ವಾರ ಹೊರಬರುವಂತಿಲ್ಲ ಎಂದು ವೈದ್ಯರು ಬರೆದುಕೊಡಬೇಕು. ಮ್ಯಾಸಚೂಸೆಟ್ಸ್‌ನಲ್ಲಿ ವರ್ಷದಲ್ಲಿ 14 ಶಾಲಾ ದಿನಗಳು ಸಾಕು. ಕ್ಯಾಲಿಫೋರ್ನಿಯಾದ ಸಂಹಿತೆಯ 48206.3ನೆಯ ಕಲಂ ಇನ್ನೂ ಗಮನಿಸತಕ್ಕದ್ದು. ಮನೆಯಲ್ಲಿ ಹೇಳಿದ ಒಂದು ಗಂಟೆಯ ಪಾಠವನ್ನು ಶಾಲೆಯ ಒಂದು ಇಡೀ ದಿನದ ಹಾಜರಿ ಎಂದು ಅದು ಎಣಿಸುತ್ತದೆ, ವಾರಕ್ಕೆ ಐದು ದಿನ ಮೀರದಂತೆ. ಕ್ಯಾಲಿಫೋರ್ನಿಯಾದ ಶಾಲೆಗಳಿಗೆ ರಾಜ್ಯದ ಹಣ ಬರುವುದು ಸರಾಸರಿ ಹಾಜರಿಯ ಮೇಲೆ. ಆದ್ದರಿಂದ ವಾರಕ್ಕೆ ಐದು ಗಂಟೆ ಪಾಠವಾದರೆ ಹಾಜರಿಯ ಲೆಕ್ಕ ತುಂಬಿತು, ಶಾಲೆಗೆ ಬರಬೇಕಾದ ಹಣವೂ ಬಂತು.

ಆ ಐದು ಗಂಟೆಯ ಒಳಗೆ ಏನಿರುತ್ತದೆ ಎಂದು ನೋಡಬೇಕು. ಹತ್ತನೆಯ ತರಗತಿಯ ಮಗುವಿಗೆ ಸಾಮಾನ್ಯವಾಗಿ ಆರು ವಿಷಯ: ಇಂಗ್ಲಿಷ್, ಜ್ಯಾಮಿತಿ, ರಸಾಯನಶಾಸ್ತ್ರ, ಇತಿಹಾಸ, ಸ್ಪ್ಯಾನಿಷ್, ವ್ಯಾಯಾಮ. ಮನೆಗೆ ಬರುವವರು ಹೆಚ್ಚಾಗಿ ಒಬ್ಬರೇ ಶಿಕ್ಷಕರು. ಅವರು ಇತಿಹಾಸದವರಾದರೆ ರಸಾಯನಶಾಸ್ತ್ರದ ಮೋಲ್ ಲೆಕ್ಕವನ್ನು ವಿದ್ಯಾರ್ಥಿಯ ಜೊತೆ ತಾವೂ ಪುಸ್ತಕ ಬಿಡಿಸಿ ನೋಡಬೇಕಾದೀತು. ಪಾಠ ಹೇಗೋ ಸಾಗೀತು, ಪ್ರಯೋಗ ಮಾಡಿಸುವುದು ಹೇಗೆ? ನ್ಯೂಯಾರ್ಕಿನಲ್ಲಿ ರೀಜೆಂಟ್ಸ್ ಎಂಬ ರಾಜ್ಯಮಟ್ಟದ ವಿಜ್ಞಾನ ಪರೀಕ್ಷೆಗೆ ಕೂರಲು 1,200 ನಿಮಿಷಗಳ ಪ್ರಯೋಗಾಲಯದ ಕೆಲಸ, ಅದರ ಲಿಖಿತ ವರದಿಗಳೊಂದಿಗೆ, ಮುಗಿದಿರಬೇಕು. ಕೀಮೋಥೆರಪಿಯಿಂದ ರೋಗನಿರೋಧಕ ಶಕ್ತಿ ಕುಂದಿ ಜನರ ನಡುವೆ ಹೋಗಲಾಗದ ಮಗು ಅಷ್ಟು ನಿಮಿಷಗಳನ್ನು ಎಲ್ಲಿಂದ ತರಬೇಕು? ವ್ಯಾಯಾಮದ ವಿಷಯದಲ್ಲಿ ಟೆಕ್ಸಾಸ್ ವಿವೇಕದಿಂದ ನಡೆದುಕೊಂಡಿದೆ: ಅಂಗವೈಕಲ್ಯ ಅಥವಾ ಕಾಯಿಲೆಯಿಂದ ಆಡಲಾಗದವರು ಆ ಒಂದು ಕ್ರೆಡಿಟ್ಟಿನ ಬದಲು ಇಂಗ್ಲಿಷ್, ಗಣಿತ, ವಿಜ್ಞಾನಗಳಂಥ ವಿಷಯದ ಕ್ರೆಡಿಟ್ ತರಬಹುದು.

ಮನೆಪಾಠದ ಮಿತಿಯನ್ನು ದೇಶವೇ ಕಣ್ಣಾರೆ ಕಂಡದ್ದು ರಯಾನ್ ವೈಟ್ ಪ್ರಕರಣದಲ್ಲಿ. ಇಂಡಿಯಾನಾದ ಕೊಕೊಮೊ ಊರಿನ ಈ ಹುಡುಗನಿಗೆ ಹಿಮೊಫಿಲಿಯಾ ಇತ್ತು. ಅದರ ಚಿಕಿತ್ಸೆಗೆ ಕೊಟ್ಟ ರಕ್ತೋತ್ಪನ್ನದಿಂದ ಎಚ್‌ಐವಿ ಬಂತು. 1985ರಲ್ಲಿ ಶಾಲೆ ಅವನನ್ನು ಒಳಗೆ ಬಿಟ್ಟುಕೊಳ್ಳದೆ, ತರಗತಿಯ ಪಾಠವನ್ನು ಮನೆಯಿಂದಲೇ ಟೆಲಿಫೋನಿನಲ್ಲಿ ಕೇಳಲು ಏರ್ಪಾಟು ಮಾಡಿತು. ಧ್ವನಿ ಸರಿಯಾಗಿ ಕೇಳುತ್ತಿರಲಿಲ್ಲ, ಕರಿಹಲಗೆ ಕಾಣುವ ಮಾತೇ ಇಲ್ಲ. ಅವನನ್ನು ಹೊರಗಿಟ್ಟದ್ದು ಕಾಯಿಲೆಗಿಂತ ಹೆಚ್ಚಾಗಿ ಜನರ ಭಯ. ನ್ಯಾಯಾಲಯದ ಹೋರಾಟದ ನಂತರ ಶಾಲೆಗೆ ಮರಳಿದ, ಮುಂದೆ ಕುಟುಂಬ ಊರು ಬಿಟ್ಟು ಸಿಸಿರೊಗೆ ಹೋದಾಗ ಅಲ್ಲಿನ ಹ್ಯಾಮಿಲ್ಟನ್ ಹೈಟ್ಸ್ ಹೈಸ್ಕೂಲ್ ಅವನನ್ನು ಸ್ವಾಗತಿಸಿತು. 1990ರ ಏಪ್ರಿಲ್ 8ರಂದು, 18ನೆಯ ವಯಸ್ಸಿನಲ್ಲಿ, ಹೈಸ್ಕೂಲ್ ಮುಗಿಸುವ ಮುನ್ನವೇ ತೀರಿಕೊಂಡ.

ಕಾನೂನಿನ ರಕ್ಷಣೆ ಇಲ್ಲವೆಂದಲ್ಲ. ಅಂಗವೈಕಲ್ಯದ ಕಾರಣಕ್ಕೆ ತಾರತಮ್ಯ ಮಾಡಬಾರದೆನ್ನುವ, 1973ರ ಪುನರ್ವಸತಿ ಕಾಯ್ದೆಯ 504ನೆಯ ಸೆಕ್ಷನ್ ಒಂದು. 1977ರಲ್ಲಿ ಅಂಗವಿಕಲರು ಸ್ಯಾನ್ ಫ್ರಾನ್ಸಿಸ್ಕೊದ ಫೆಡರಲ್ ಕಟ್ಟಡದಲ್ಲಿ ಮೂರು ವಾರಕ್ಕೂ ಹೆಚ್ಚು ಕಾಲ ಧರಣಿ ಕೂತ ಮೇಲೆಯೇ ಅದರ ನಿಯಮಗಳು ಜಾರಿಗೆ ಬಂದವು. 1975ರ ವಿಶೇಷ ಶಿಕ್ಷಣ ಕಾಯ್ದೆ ಇನ್ನೊಂದು. ಅದರ 'ಇತರ ಆರೋಗ್ಯ ನ್ಯೂನತೆ' ಎಂಬ ವರ್ಗದಲ್ಲಿ ಆಸ್ತಮಾ, ಮಧುಮೇಹ, ಅಪಸ್ಮಾರ, ಲ್ಯುಕೇಮಿಯಾ, ಸಿಕಲ್ ಸೆಲ್ ಹೆಸರು ಹೇಳಿಯೇ ಸೇರಿವೆ. ಈ ಕಾಯ್ದೆಯಡಿ ಐಇಪಿ ಎಂಬ ವೈಯಕ್ತಿಕ ಶಿಕ್ಷಣ ಯೋಜನೆ ಪಡೆದವರು ನಾಲ್ಕು ವರ್ಷ ದಾಟಿಯೂ, ಸಾಮಾನ್ಯವಾಗಿ 21 ವರ್ಷದವರೆಗೆ, ಉಚಿತವಾಗಿ ಶಾಲೆಯಲ್ಲಿ ಓದಬಹುದು. ಆದರೆ ಸಾಮಾನ್ಯ ಡಿಪ್ಲೊಮಾ ಕೈಗೆ ಬಂದ ದಿನ ಆ ಹಕ್ಕು ಮುಗಿಯುತ್ತದೆ. ಇದನ್ನು ತಂದೆತಾಯಿ ಮೊದಲೇ ತಿಳಿದಿರಬೇಕು. ಹೇಗಾದರೂ ಸರಿ ಮಗು ಗೆಳೆಯರ ಜೊತೆಯಲ್ಲೇ ಮುಗಿಸಲಿ ಎಂಬ ಆತುರದಲ್ಲಿ ಇನ್ನೊಂದು ವರ್ಷದ ಬೋಧನೆಯನ್ನು ಬಿಟ್ಟುಕೊಟ್ಟಂತಾಗಬಾರದು.

ಅಂಗವಿಕಲರ ಹಕ್ಕುಗಳ ಕಾಯ್ದೆಗೆ ಬಂದ, 504ಕ್ಕೂ ಅನ್ವಯಿಸುವ 2008ರ ತಿದ್ದುಪಡಿ ಇವೆರಡಕ್ಕಿಂತ ಕಡಿಮೆ ಮುಖ್ಯವಲ್ಲ. ಬಂದು ಹೋಗುವ ಕಾಯಿಲೆಯೂ, ಸದ್ಯಕ್ಕೆ ತಗ್ಗಿರುವ ಕಾಯಿಲೆಯೂ ಉಲ್ಬಣಿಸಿದಾಗ ತೀವ್ರವಾಗಿದ್ದರೆ ಅಂಗವೈಕಲ್ಯದ ವ್ಯಾಖ್ಯೆಗೆ ಬರುತ್ತದೆ ಎಂದು ಅದು ಒಪ್ಪಿತು. ಮಕ್ಕಳ ಲ್ಯುಕೇಮಿಯಾದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಚಿಕಿತ್ಸೆ ಎರಡರಿಂದ ಮೂರು ವರ್ಷ. ಮೊದಲ ತಿಂಗಳುಗಳ ಉಗ್ರ ಘಟ್ಟ ಮುಗಿದ ಮೇಲೆ ಮಗು ಶಾಲೆಗೆ ಬರುತ್ತದೆ, ತಲೆಗೂದಲು ಮತ್ತೆ ಬೆಳೆದಿರುತ್ತದೆ, ಎಲ್ಲರೂ ವಾಸಿಯಾಯಿತೆಂದುಕೊಳ್ಳುತ್ತಾರೆ. ಆಮೇಲೂ ಔಷಧ ನಡೆದಿರುತ್ತದೆ, ಒಂದು ಸಣ್ಣ ಜ್ವರಕ್ಕೂ ಆಸ್ಪತ್ರೆಗೆ ಓಡಬೇಕಾಗುತ್ತದೆ. ಮನೆಪಾಠದ ನಿಯಮಗಳು ಹೆಚ್ಚಾಗಿ ಒಂದೇ ಪಟ್ಟಿನಲ್ಲಿ ಮಲಗಿದ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು. ಈ ಬಿಡಿಬಿಡಿ ಗೈರುಹಾಜರಿಗೆ ಅವು ಅಷ್ಟಾಗಿ ಸರಿಹೊಂದುವುದಿಲ್ಲ. ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು 504ನೆಯ ಸೆಕ್ಷನ್ನಿನಡಿ ಶಾಲೆ ರೂಪಿಸುವ ಯೋಜನೆ: ಅರ್ಧ ದಿನದ ವೇಳಾಪಟ್ಟಿ, ಗಡುವಿನ ವಿಸ್ತರಣೆ, ಹೋಂವರ್ಕ್ ಕಡಿತ. ಆದರೆ ಈ ಯೋಜನೆ ಕ್ರೆಡಿಟ್ಟಿನ ದಾರಿಯನ್ನು ಸುಗಮ ಮಾಡೀತೇ ಹೊರತು ಕ್ರೆಡಿಟ್‌ಗಳನ್ನು ಮನ್ನಾ ಮಾಡುವುದಿಲ್ಲ.

ಉಳಿದ ಕ್ರೆಡಿಟ್ ತುಂಬಿಕೊಳ್ಳಲು ಮಗುವಿಗೆ ಐದನೆಯ ವರ್ಷ ಕೊಡಲು ಶಾಲೆಗಳು ಹಿಂಜರಿಯುವುದಕ್ಕೆ ಒಂದು ಕಾರಣ ಅಂಕಿಅಂಶದಲ್ಲಿದೆ. ಒಂಬತ್ತನೆಯ ತರಗತಿಗೆ ಒಟ್ಟಿಗೆ ಸೇರಿದವರಲ್ಲಿ ನಾಲ್ಕು ವರ್ಷದಲ್ಲಿ ಎಷ್ಟು ಮಂದಿ ಸಾಮಾನ್ಯ ಡಿಪ್ಲೊಮಾ ಪಡೆದರು ಎಂಬ ಪದವಿ ದರವನ್ನು ಕೇಂದ್ರ ಸರ್ಕಾರ 2008ರ ನಿಯಮದಿಂದ ಕಡ್ಡಾಯ ಮಾಡಿತು. 2010–11ರಲ್ಲಿ ರಾಷ್ಟ್ರೀಯ ದರ ಶೇ. 79 ಇತ್ತು, 2021–22ಕ್ಕೆ ಶೇ. 87 ಆಯಿತು. ಬೇರೆ ಶಾಲೆಗೆ ವರ್ಗವಾದವರು, ದೇಶ ಬಿಟ್ಟವರು, ಸತ್ತವರು, ಇಷ್ಟು ಮಂದಿಯನ್ನು ಮಾತ್ರ ಲೆಕ್ಕದಿಂದ ತೆಗೆಯಬಹುದು. ಶಾಲೆ ಬಿಟ್ಟವರನ್ನು ಮರೆಮಾಚುವ ಹಳೆಯ ಅಭ್ಯಾಸಕ್ಕೆ ತಡೆ ಹಾಕಲು ಇಷ್ಟು ಕಟ್ಟುನಿಟ್ಟು ಬೇಕಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಕ್ಯಾನ್ಸರಿನಿಂದ ಗುಣವಾಗಿ ಐದನೆಯ ವರ್ಷದಲ್ಲಿ ಡಿಪ್ಲೊಮಾ ಪಡೆದ ಮಗು ಆ ನಾಲ್ಕು ವರ್ಷದ ದರದಲ್ಲಿ, ಓದು ಬಿಟ್ಟು ಹೋದವನ ಸಾಲಿನಲ್ಲೇ ನಿಲ್ಲುತ್ತದೆ. ಕೆಲವು ರಾಜ್ಯಗಳು ಐದು ವರ್ಷದ ದರವನ್ನೂ ಲೆಕ್ಕ ಹಾಕುತ್ತವೆ. ಅದು ಎಲ್ಲೆಡೆ ಆಗಬೇಕು. 1942ರಲ್ಲಿ ಸೈನಿಕರಿಗೆಂದು ರೂಪಿಸಿದ, ಡಿಪ್ಲೊಮಾಕ್ಕೆ ಸಮಾನವೆಂದು ಎಣಿಸುವ ಜಿಇಡಿ ಪರೀಕ್ಷೆ ಪಾಸಾದರೂ ಈ ದರದಲ್ಲಿ ಅದಕ್ಕೆ ಸ್ಥಾನವಿಲ್ಲ.

ಗಂಟೆ ಎಣಿಸದೆ ಕಲಿಕೆಯನ್ನೇ ಅಳೆಯುವ ಪ್ರಯತ್ನಗಳೂ ನಡೆದಿವೆ. ನ್ಯೂಯಾರ್ಕಿನ ನಿಯಮದಲ್ಲಿ ಪರೀಕ್ಷೆಯಲ್ಲಿ 85 ಅಂಕ ಪಡೆದು, ಮೌಖಿಕ ಪರೀಕ್ಷೆ ಅಥವಾ ವಿಶೇಷ ಯೋಜನೆ ಮುಗಿಸಿದವರಿಗೆ ತರಗತಿಯಲ್ಲಿ ಕೂರದೆಯೂ ಆರೂವರೆ ಯೂನಿಟ್‌ವರೆಗೆ ಕ್ರೆಡಿಟ್ ಕೊಡಲು ಅವಕಾಶವಿದೆ. ನ್ಯೂ ಹ್ಯಾಂಪ್‌ಶೈರ್ 2005ರ ನಿಯಮದಿಂದ ಗಂಟೆಯ ಅಳತೆಯನ್ನೇ ಕೈಬಿಟ್ಟು, 2008–09ರ ಹೊತ್ತಿಗೆ ಸಾಮರ್ಥ್ಯದ ಮೇಲೆ ಕ್ರೆಡಿಟ್ ಕೊಡುವಂತೆ ಎಲ್ಲ ಹೈಸ್ಕೂಲುಗಳಿಗೆ ಹೇಳಿತು. ಕಾಯಿಲೆಯ ಮಕ್ಕಳನ್ನು ಉದ್ದೇಶಿಸಿ ಮಾಡಿದ ಬದಲಾವಣೆ ಅದಲ್ಲ, ಆದರೂ ಅವರಿಗೇ ಅತಿ ಹೆಚ್ಚು ಒದಗುವಂಥದ್ದು.

ಅಷ್ಟು ದೊಡ್ಡ ಬದಲಾವಣೆಗೆ ಕಾಯಬೇಕಾಗಿಯೂ ಇಲ್ಲ. ಕ್ಯಾಲಿಫೋರ್ನಿಯಾದ ಸಂಹಿತೆಯಲ್ಲೇ 51225.1 ಮತ್ತು 51225.2 ಎಂಬ ಎರಡು ಕಲಂಗಳಿವೆ. ಪೋಷಣಾ ಮನೆಗಳಲ್ಲಿರುವ ಮಕ್ಕಳು, ನೆಲೆಯಿಲ್ಲದವರು, ಸೈನಿಕರ ಮಕ್ಕಳು, ವಲಸೆ ಕಾರ್ಮಿಕರ ಮಕ್ಕಳು, ಬಾಲನ್ಯಾಯಾಲಯದ ಶಾಲೆಗಳಿಂದ ಬಂದವರು ಹೈಸ್ಕೂಲಿನ ಎರಡನೆಯ ವರ್ಷ ಮುಗಿದ ಮೇಲೆ ಶಾಲೆ ಬದಲಿಸಬೇಕಾಗಿ ಬಂದು, ಸಕಾಲಕ್ಕೆ ಮುಗಿಸುವಂತಿಲ್ಲದಿದ್ದರೆ, ಜಿಲ್ಲೆಯ ಹೆಚ್ಚುವರಿ ಬೇಡಿಕೆಯಿಂದ ಅವರಿಗೆ ವಿನಾಯಿತಿ ಸಿಗುತ್ತದೆ. ರಾಜ್ಯದ ಕನಿಷ್ಠ ಪೂರೈಸಿದರೆ ಸಾಕು. ಅರ್ಧಕ್ಕೆ ನಿಂತ ವಿಷಯಕ್ಕೂ ಓದಿದಷ್ಟಕ್ಕೆ ಭಾಗಶಃ ಕ್ರೆಡಿಟ್ ಕೊಡಲೇಬೇಕು. ಕಾಯಿಲೆಯಿಂದ ಹಿಂದೆ ಬಿದ್ದ ಮಗು ಎಂಬ ವರ್ಗ ಆ ಪಟ್ಟಿಯಲ್ಲಿಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದ ಮಗು ಕಳೆದುಕೊಳ್ಳುವುದನ್ನೇ ಮನೆಯಿಂದ ಆಸ್ಪತ್ರೆಗೆ ಹೋದ ಮಗುವೂ ಕಳೆದುಕೊಳ್ಳುತ್ತದೆ ಎಂಬುದನ್ನು ಶಾಸನಸಭೆ ಒಪ್ಪುವುದಾದರೆ, ಪಟ್ಟಿಗೆ ಆ ಒಂದು ವರ್ಗ ಸೇರಿಸಿ, ಶಾಲೆ ಬದಲಿಸಿರಬೇಕೆಂಬ ಷರತ್ತನ್ನು ಅವರಿಗೆ ಸಡಿಲಿಸಬೇಕು. ಆಗ ಹದಿನೆಂಟು ವಾರದ ಸೆಮಿಸ್ಟರಿನಲ್ಲಿ ಹತ್ತು ವಾರ ಓದಿ ಆಸ್ಪತ್ರೆ ಸೇರಿದವಳಿಗೆ ಪ್ರತಿ ವಿಷಯದಲ್ಲೂ ಐದರಲ್ಲಿ ಎರಡೂವರೆಯಷ್ಟಾದರೂ ಕ್ರೆಡಿಟ್ ದಾಖಲಾಗುತ್ತದೆ. ವಾಸಿಯಾಗಿ ಬಂದ ಮೇಲೆ ಅವಳು ಓದಬೇಕಾದ್ದು ಉಳಿದ ಎಂಟು ವಾರದ ಪಾಠ ಮಾತ್ರ.