ಬಂದೂಕಿನಿಂದ ಗಣತಿಯವರೆಗೆ: ಬೆಳಗಾವಿ ಸೀಮೆಯ ವಲಸೆಹಕ್ಕಿಗಳ ದಾಖಲೆ

ಬೆಳಗಾವಿ ಪಟ್ಟಣವು ನಿಂತಿರುವ ನೆಲ ಎರಡು ಪ್ರಕೃತಿಗಳ ಸಂಧಿಸ್ಥಾನ. ಪಡುವಣಕ್ಕೆ, ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿಗಳ ದಿಕ್ಕಿಗೆ ಹೋದಂತೆ ಮಳೆಯೂ ಅಡವಿಯೂ ದಟ್ಟವಾಗುತ್ತ ಹೋಗಿ, ನಡುನಡುವೆ ಆಷಾಢ ಶ್ರಾವಣಗಳಲ್ಲಿ ಹುಲ್ಲು ಹೂಗಳಿಂದ ತುಂಬಿ ಮಾಗಿಯ ಹೊತ್ತಿಗೆ ಕಂದಿಹೋಗುವ ಜಂಬಿಟ್ಟಿಗೆಯ ಬೋಳು ಬಯಲುಗಳು ಎದುರಾಗುತ್ತವೆ. ಮೂಡಣಕ್ಕೆ ನಡೆದರೆ ಮಳೆ ಬೇಗಬೇಗನೆ ಕ್ಷೀಣಿಸಿ, ಮಡ್ಡಿಯೂ ಎರೆಭೂಮಿಯೂ ತೆರೆದುಕೊಳ್ಳುತ್ತವೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಮೂಡಲಿಗೆ ಹರಿದು ಕೃಷ್ಣೆಯನ್ನು ಸೇರಿದರೆ, ಅದೇ ತಾಲ್ಲೂಕಿನ ದೇಗಾಂವದಲ್ಲಿ ಹುಟ್ಟಿದ ಮಹದಾಯಿ ಪಡುವಲಿಗೆ ತಿರುಗಿ ಗೋವೆಯ ಕಡಲನ್ನು ಸೇರುತ್ತದೆ. ಇಂಥ ಜಲವಿಭಾಜಕದ ಮಗ್ಗುಲಲ್ಲಿ ಮಾರ್ಕಂಡೇಯ ನದಿಗೆ ಅಡ್ಡಲಾಗಿ ಕಟ್ಟಿದ ರಕ್ಕಸಕೊಪ್ಪದ ಜಲಾಶಯ ನಗರಕ್ಕೆ ಕುಡಿಯುವ ನೀರನ್ನು ಕೊಡುತ್ತಿರುವುದು. ಕೆಳಗೆ ಘಟಪ್ರಭೆಯ ಮೇಲೆ ಹಿಡಕಲ್ಲೂ ಧೂಪದಾಳವೂ, ಮಲಪ್ರಭೆಯ ಮೇಲೆ ಸವದತ್ತಿಯ ಬಳಿಯ ನವಿಲುತೀರ್ಥವೂ ಉಂಟು. ಚಳಿಗಾಲದಲ್ಲಿ ಈ ನೀರುಗಳಿಗೆ ದೂರದೇಶಗಳಿಂದ ಬರುವ ಹಕ್ಕಿಗಳನ್ನು ಮನುಷ್ಯರು ಹೇಗೆ ಕಂಡರು, ಕಂಡದ್ದನ್ನು ಹೇಗೆ ಬರೆದಿಟ್ಟರು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಹಕ್ಕಿಗಳು ಋತುವನ್ನನುಸರಿಸಿ ಬಂದು ಹೋಗುತ್ತವೆ ಎಂಬ ತಿಳಿವು ನಮ್ಮಲ್ಲಿ ಹೊಸತಲ್ಲ. ಮಳೆ ಮೊದಲಾಗುವಾಗ ಹಂಸಗಳು ಮಾನಸ ಸರೋವರಕ್ಕೆ ಹೊರಡುವುದನ್ನು ಕಾಳಿದಾಸನು ಮೇಘದೂತದಲ್ಲಿ ತಂದಿರುವನು. ಬೇಸಗೆಯಲ್ಲಿ ಟಿಬೆಟ್ಟಿನ ಸರೋವರಗಳ ತೀರದಲ್ಲಿ ಮರಿಮಾಡಿ ಚಳಿಗಾಲಕ್ಕೆ ನಮ್ಮ ಕೆರೆಗಳಿಗಿಳಿಯುವ ಪಟ್ಟೆತಲೆಯ ಹೆಬ್ಬಾತನ್ನು ಬಲ್ಲವರಿಗೆ ಆ ಮಾತು ಬರಿಯ ಕವಿಸಮಯವಾಗಿ ತೋರಲಾರದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಗಿಡುಗಗಳನ್ನು ಸಾಕಿ ಬೇಟೆಗೆ ಬಳಸುವ ವಿನೋದಕ್ಕೆ ಸಲ್ಲುವ ಪ್ರಕರಣವೇ ಇರುವುದು. ಒಕ್ಕಲಿಗನಾದರೋ ಮಳೆಯ ನಕ್ಷತ್ರಗಳನ್ನು ಎಣಿಸುತ್ತಲೇ ಹಕ್ಕಿಗಳ ಬರವನ್ನೂ ಎಣಿಸಿದವನು. ಹಿಂಗಾರಿನ ಕಡಲೆಯ ಹೊಲಕ್ಕೆ ಕರ್ಕರೆಯ ಹಿಂಡು ಇಳಿದರೆ ನಷ್ಟವನ್ನು ಅನುಭವಿಸತಕ್ಕವನು ಅವನೇ ಆದುದರಿಂದ, ಅವನ ಗಮನಕ್ಕೆ ಪಂಡಿತನ ಗಮನಕ್ಕಿಂತ ಹೆಚ್ಚಿನ ಕಾರಣವಿದ್ದಿತು. ಆದರೆ ಈ ಅರಿವು ನೆನಪಿನಲ್ಲಿ ಉಳಿಯಿತೇ ಹೊರತು ತಿಥಿವಾರಗಳೊಡನೆ ಕಾಗದಕ್ಕೆ ಇಳಿಯಲಿಲ್ಲ. ಒಂದು ವರ್ಷದ ಹಕ್ಕಿಗಳ ಬರವನ್ನು ನೂರು ವರ್ಷದ ಹಿಂದಿನ ಬರವಿನೊಡನೆ ಹೋಲಿಸಬೇಕಾದರೆ ನೆನಪಿನಿಂದ ಸಾಗದು, ಬರೆಹವೇ ಬೇಕು.

ಆ ಬರೆಹ ಈ ಸೀಮೆಯಲ್ಲಿ ಮೊದಲಾದದ್ದು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳ ಕೈಯಲ್ಲಿ. ಕರ್ನಲ್ ಸೈಕ್ಸನು ದಖನ್ನಿನಲ್ಲಿ ತಾನು ಕಂಡ ಹಕ್ಕಿಗಳ ಪಟ್ಟಿಯನ್ನು 1832ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದನು. ನಮಗೆ ಇನ್ನೂ ಹತ್ತಿರದವನು ವಾಲ್ಟರ್ ಎಲಿಯಟ್. 1824ರ ಕಿತ್ತೂರಿನ ಸಂಗ್ರಾಮದಲ್ಲಿ ಕಂಪನಿಯ ಅಧಿಕಾರಿ ಥ್ಯಾಕರೆ ಹತನಾದಾಗ ರಾಣಿ ಚೆನ್ನಮ್ಮನ ಸೈನ್ಯಕ್ಕೆ ಸೆರೆಸಿಕ್ಕ ತರುಣ ಅಧಿಕಾರಿಗಳಲ್ಲಿ ಒಬ್ಬನಾದ ಈತನೇ ಮುಂದೆ ಧಾರವಾಡದ ಸುತ್ತಿನ ಪ್ರಾಣಿಗಳನ್ನು ಶ್ರದ್ಧೆಯಿಂದ ಅಭ್ಯಾಸಮಾಡಿ, ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿಯನ್ನು 1839ರಲ್ಲಿ ಹೊರತಂದನು. ಹಕ್ಕಿಗಳನ್ನು ಕುರಿತ ಅವನ ಟಿಪ್ಪಣಿಗಳು ಪಕ್ಷಿಶಾಸ್ತ್ರಜ್ಞ ಜರ್ಡನ್ನನ ಗ್ರಂಥಗಳಿಗೆ ಒದಗಿದುವು. ಕಿತ್ತೂರಿನ ಇತಿಹಾಸವನ್ನು ಓದುವವರು ಈ ಹೆಸರನ್ನು ಸೆರೆಯಾಳೆಂದು ಮಾತ್ರ ಬಲ್ಲರು. ಅದೇ ನೆಲದ ಜೀವರಾಶಿಯನ್ನು ಮೊದಲು ಪಟ್ಟಿಮಾಡಿದವರಲ್ಲಿ ಅವನೂ ಒಬ್ಬನೆಂಬುದನ್ನು ಅವರು ಅರಿತಿರುವುದು ಒಳಿತು.

ಬೆಳಗಾವಿಯ ಮಟ್ಟಿಗೆ ಹೇಳುವುದಾದರೆ, ನಿಜವಾದ ಆರಂಭ 1879 ಮತ್ತು 1880ರ ವರ್ಷಗಳಲ್ಲಿ. ಸಿಮ್ಲಾದಲ್ಲಿದ್ದ ಎ. ಓ. ಹ್ಯೂಮ್ ‘ಸ್ಟ್ರೇ ಫೆದರ್ಸ್’ ಎಂಬ ಪಕ್ಷಿಶಾಸ್ತ್ರ ಪತ್ರಿಕೆಯನ್ನು 1872ರಲ್ಲಿ ಆರಂಭಿಸಿ, ದೇಶದ ಮೂಲೆಮೂಲೆಗಳಲ್ಲಿದ್ದ ದಂಡಿನ ಅಧಿಕಾರಿಗಳಿಂದಲೂ ರೈಲ್ವೆಯ ಎಂಜಿನಿಯರರಿಂದಲೂ ವರದಿಗಳನ್ನು ತರಿಸಿಕೊಳ್ಳುತ್ತಿದ್ದನು. ಅವನಿಗೆ ಬರೆಯುತ್ತಿದ್ದವರಲ್ಲಿ 83ನೆಯ ರೆಜಿಮೆಂಟಿನ ಕ್ಯಾಪ್ಟನ್ ಇ. ಎ. ಬಟ್ಲರ್ ಒಬ್ಬನು. ಬೆಳಗಾವಿಯ ದಂಡಿನಲ್ಲಿ ಇದ್ದಷ್ಟು ಕಾಲವೂ ಅವನು ಗೂಡುಗಳನ್ನು ಹುಡುಕಿದನು, ಮೊಟ್ಟೆಗಳನ್ನು ಎಣಿಸಿದನು, ಕಂಡ ದಿನವನ್ನು ತಪ್ಪದೆ ಬರೆದನು. ದಖನ್ ಮತ್ತು ದಕ್ಷಿಣ ಮರಾಠಾ ಸೀಮೆಗಳ ಹಕ್ಕಿಗಳನ್ನು ಕುರಿತ ಅವನ ಪಟ್ಟಿ 1881ರಲ್ಲಿ ಅದೇ ಪತ್ರಿಕೆಯಲ್ಲಿ ಅಚ್ಚಾಯಿತು. ಹ್ಯೂಮನ ಗೂಡು–ಮೊಟ್ಟೆಗಳ ಗ್ರಂಥವನ್ನು ತೆರೆದವರಿಗೆ ಬೆಳಗಾವಿಯ ಹೆಸರು ಹೆಜ್ಜೆಹೆಜ್ಜೆಗೂ ಸಿಕ್ಕುವುದು ಇವನ ದೆಸೆಯಿಂದಲೇ. ಈ ಹ್ಯೂಮನೇ 1885ರಲ್ಲಿ ಕಾಂಗ್ರೆಸ್ಸಿನ ಸ್ಥಾಪನೆಗೆ ಕಾರಣನಾದವನು. ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ 1924ರಲ್ಲಿ ಬೆಳಗಾವಿಯಲ್ಲಿ ನೆರೆದಾಗ, ಆ ಸಂಸ್ಥೆಯ ಆದಿಪುರುಷನ ಪತ್ರಿಕೆಯಲ್ಲಿ ಈ ಊರಿನ ಹಕ್ಕಿಗಳು ಆಗಲೇ ನಾಲ್ಕು ದಶಕಗಳ ಹಿಂದೆ ಸ್ಥಾನಪಡೆದಿದ್ದುವೆಂಬುದು ನೆನೆಯತಕ್ಕ ವಿಷಯ.

ಆ ಕಾಲದ ವಿಧಾನ ಬಂದೂಕಿನದು. ಹಕ್ಕಿಯನ್ನು ಹೊಡೆದು, ಚರ್ಮ ಸುಲಿದು, ಚೀಟಿ ಕಟ್ಟಿ ಇಡುತ್ತಿದ್ದರು. ಹ್ಯೂಮನು ಬ್ರಿಟಿಷ್ ಮ್ಯೂಸಿಯಮ್ಮಿಗೆ ಒಪ್ಪಿಸಿದ ಚರ್ಮಗಳು ಅರುವತ್ತು ಸಾವಿರವನ್ನು ಮೀರಿದ್ದುವು. ಇದನ್ನು ಇಂದು ಸಮರ್ಥಿಸುವ ಮನಸ್ಸು ನನಗಿಲ್ಲ. ಆದರೂ ಒಂದು ಗುಣವನ್ನು ಒಪ್ಪಲೇಬೇಕು: ಇಂಥ ಹಕ್ಕಿ ಇಂಥ ದಿನ ಇಂಥ ಊರಿನಲ್ಲಿತ್ತೆಂಬ ಮಾತಿಗೆ ಅಲ್ಲಿ ಸಾಕ್ಷಿಯುಂಟು. ಕೊರತೆಯೂ ಅಷ್ಟೇ ಸ್ಪಷ್ಟ. ಅಪರೂಪದ ಹಕ್ಕಿ ಚೀಟಿಯನ್ನು ಪಡೆಯಿತು. ಪ್ರತಿ ವರ್ಷವೂ ಸಾವಿರಗಟ್ಟಲೆ ಬರುವ ಸಾಧಾರಣ ಹಕ್ಕಿಗೆ ‘ಸಾಮಾನ್ಯ’ ಎಂಬ ಒಂದೇ ಪದ ದಕ್ಕಿತು. ಎಷ್ಟು ಸಾಮಾನ್ಯ, ಮೊದಲು ಬಂದದ್ದು ಎಂದು, ಕಡೆಯದಾಗಿ ಹೋದದ್ದು ಎಂದು ಎಂಬ ಪ್ರಶ್ನೆಗಳನ್ನು ಕೇಳತಕ್ಕ ವಿದ್ಯೆ ಇನ್ನೂ ಹುಟ್ಟಬೇಕಾಗಿತ್ತು.

ಅದು ಹುಟ್ಟಿದ್ದು ಯುರೋಪಿನಲ್ಲಿ. ಉತ್ತರ ಸಮುದ್ರದ ಹೆಲಿಗೊಲ್ಯಾಂಡ್ ದ್ವೀಪದಲ್ಲಿ ಗೇಟ್ಕೆ ಎಂಬ ಚಿತ್ರಕಾರನು ದಶಕಗಳ ಕಾಲ ಒಂದೇ ನೆಲೆಯಲ್ಲಿ ನಿಂತು ಹಾದುಹೋಗುವ ಹಕ್ಕಿಗಳನ್ನು ಬರೆದಿಟ್ಟನು. ಡೆನ್ಮಾರ್ಕಿನ ಮಾರ್ಟೆನ್ಸೆನ್ 1899ರಲ್ಲಿ ಹಕ್ಕಿಗಳ ಕಾಲಿಗೆ ಅಂಕಿ ಕೆತ್ತಿದ ಅಲ್ಯೂಮಿನಿಯಮ್ ಉಂಗುರ ತೊಡಿಸಿದನು. 1901ರಲ್ಲಿ ಬಾಲ್ಟಿಕ್ ತೀರದ ರೊಸಿಟ್ಟೆನ್‌ನಲ್ಲಿ ಥೀನೆಮಾನ್ ಪಕ್ಷಿವೀಕ್ಷಣಾಲಯವನ್ನು ತೆರೆದನು. ಉಂಗುರದ ಮಹತ್ವ ಇಷ್ಟೇ: ಹಕ್ಕಿಗೆ ಅದರಿಂದ ಗುರುತು ಬರುತ್ತದೆ, ಗುರುತಿನಿಂದ ಪ್ರಯಾಣಕ್ಕೆ ಎರಡು ತುದಿಗಳು ಸಿಕ್ಕುತ್ತವೆ. ಜರ್ಮನಿಯಲ್ಲಿ ಉಂಗುರ ತೊಟ್ಟ ಬಿಳಿ ಕೊಕ್ಕರೆಯೊಂದು ಬಿಕಾನೇರಿನಲ್ಲಿ ದೊರೆತಾಗ, ನಮ್ಮ ಹೊಲಗಳಲ್ಲಿ ಮಿಡತೆ ಹೆಕ್ಕುವ ಹಕ್ಕಿಯ ತವರು ಯಾವುದೆಂಬ ಪ್ರಶ್ನೆಗೆ ಊಹೆಯಲ್ಲದ ಉತ್ತರ ದೊರೆತಂತಾಯಿತು.

ಭಾರತದಲ್ಲಿ ಈ ಕೆಲಸ ದೊಡ್ಡ ಪ್ರಮಾಣಕ್ಕೆ ಬೆಳೆದದ್ದು ಕನ್ನಡನಾಡಿನ ಒಂದು ವಿಪತ್ತಿನಿಂದ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದುವು. ಜನಕ್ಕೂ ಜ್ವರ ತಗುಲಿತು. ಪರೀಕ್ಷೆಯಲ್ಲಿ ಕಂಡ ವಿಷಾಣು ರಷ್ಯದ ಒಂದು ಮಿದುಳುಜ್ವರದ ವಿಷಾಣುವಿಗೆ ಸಂಬಂಧಪಟ್ಟದ್ದಾಗಿದ್ದುದರಿಂದ, ಸೈಬೀರಿಯದಿಂದ ಬರುವ ಹಕ್ಕಿಗಳು ಉಣ್ಣೆಗಳ ಮೂಲಕ ಅದನ್ನು ಹೊತ್ತು ತಂದಿರಬಹುದೇ ಎಂಬ ಶಂಕೆ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಲ್ಲಿ, ಸಲೀಂ ಅಲಿಯವರ ಮುಂದಾಳುತನದಲ್ಲಿ, ಹಕ್ಕಿಗಳ ವಲಸೆಯ ಅಧ್ಯಯನವನ್ನು ಕೈಗೊಂಡಿತು. ಶಂಕೆ ರುಜುವಾತಾಗಲಿಲ್ಲ, ರೋಗದ ಚಕ್ರ ನಮ್ಮ ಕಾಡಿನ ಉಣ್ಣೆಗಳಲ್ಲೇ ಇತ್ತು. ಆದರೆ ಅದರ ನಿಮಿತ್ತವಾಗಿ ದೇಶದ ನಾನಾ ಕಡೆ ಬಲೆಹಾಕಿ ತೊಡಿಸಿದ ಉಂಗುರಗಳಿಂದ ಮಧ್ಯ ಏಷ್ಯದೊಡನೆ ನಮ್ಮ ನೀರುಗಳಿಗಿರುವ ನಂಟು ಖಚಿತವಾಯಿತು.

ಈ ನಡುವೆ ಬೆಳಗಾವಿ ಸೀಮೆಯ ಭೂಗೋಳವೇ ಬದಲಾಗಿತ್ತು. ಬಟ್ಲರನು ಕಂಡ ನಾಡಿನಲ್ಲಿ ಹೊಳೆ, ಹೊಂಡ, ಕೆರೆಗಳಿದ್ದುವು, ಇಂದಿನ ಹಿನ್ನೀರುಗಳಿರಲಿಲ್ಲ. ಹತ್ತೊಂಬತ್ತನೆಯ ಶತಮಾನ ಮುಗಿಯುವ ಮುನ್ನ ಗೋಕಾಕ ಕಾಲುವೆಗಾಗಿ ಧೂಪದಾಳದ ಒಡ್ಡು ಎದ್ದಿತು. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ರಕ್ಕಸಕೊಪ್ಪ, ನವಿಲುತೀರ್ಥ, ಹಿಡಕಲ್ ಒಂದರ ಹಿಂದೊಂದರಂತೆ ಬಂದುವು. ಅಗಲವಾದ ಆಳವಿಲ್ಲದ ನೀರು, ನೀರು ಇಳಿದಂತೆ ತೆರೆಯುವ ಕೆಸರಿನ ಅಂಚು, ಸುತ್ತ ನೀರಾವರಿಯ ಹೊಲ, ಇವು ಮೂರೂ ಒಂದೆಡೆ ಕೂಡಿದಾಗ ವಲಸೆಹಕ್ಕಿಗೆ ಬೇಕಾದದ್ದೆಲ್ಲ ಒದಗಿದಂತೆಯೇ. ಧೂಪದಾಳದ ಹಿನ್ನೀರಿನಲ್ಲಿ ಕಾಲಕ್ರಮದಿಂದ ಹೂಳು ತುಂಬಿ ನಡುಗಡ್ಡೆಗಳೂ ಜೊಂಡಿನ ಹಾಸುಗಳೂ ಬೆಳೆದುವು. ಕರ್ಕರೆಗಳೂ ಬಿಳಿ ಕೊಕ್ಕರೆಗಳೂ ಅಲ್ಲಿಗೆ ಬರುವುದನ್ನು ಗಮನಿಸಿ ಸರಕಾರವು 1974ರಲ್ಲಿ 29.78 ಚದರ ಕಿಲೋಮೀಟರ್ ಪ್ರದೇಶವನ್ನು ಘಟಪ್ರಭಾ ಪಕ್ಷಿಧಾಮವೆಂದು ಘೋಷಿಸಿತು. ಮಂಗೋಲಿಯ, ಕಜಾಕಸ್ತಾನಗಳ ಹುಲ್ಲುಗಾವಲುಗಳಲ್ಲಿ ಮರಿಮಾಡುವ ಕರ್ಕರೆ ಹಿಮಾಲಯವನ್ನು ದಾಟಿ ಕಾರ್ತಿಕ ಮಾರ್ಗಶಿರಗಳಲ್ಲಿ ಇಲ್ಲಿಗೆ ಬರುತ್ತದೆ. ಹಗಲು ಕುಯ್ಲಾದ ಹೊಲಗಳಲ್ಲಿ ಮೇದು, ಸಂಜೆಗೆ ಸಾಲುಸಾಲಾಗಿ ನೀರಿನಂಚಿಗೆ ಮರಳಿ, ಪಾದ ಮುಳುಗುವ ನೀರಿನಲ್ಲಿ ರಾತ್ರಿಯನ್ನು ಕಳೆಯುತ್ತದೆ. ಹಿಂಡು ಕಣ್ಣಿಗೆ ಬೀಳುವ ಮೊದಲೇ ಅದರ ಕೂಗು ಕಿವಿಗೆ ಬೀಳುವುದು. ಮನುಷ್ಯನು ತನ್ನ ಅವಶ್ಯಕತೆಗಾಗಿ ಕಟ್ಟಿದ ಒಡ್ಡೊಂದು ಸಾವಿರಾರು ಮೈಲಿಯಾಚೆಯ ಜೀವಕ್ಕೆ ಬಿಡದಿಯಾದದ್ದನ್ನು ನಾನು ಕಳೆದ ಶತಮಾನದ ಅನುಗ್ರಹಗಳಲ್ಲಿ ಒಂದೆಂದು ಎಣಿಸುತ್ತೇನೆ.

ಬಂದೂಕು ಹೋಗಿ ದುರ್ಬೀನು ಬಂದಮೇಲೆ, ಒಬ್ಬ ಪರಿಣತನ ಸ್ಥಾನಕ್ಕೆ ಅನೇಕ ಹವ್ಯಾಸಿಗಳು ಬಂದರು. ಸಲೀಂ ಅಲಿಯವರ ಭಾರತೀಯ ಪಕ್ಷಿಗಳ ಕೈಪಿಡಿ 1941ರಲ್ಲಿ ಹೊರಬಂದು ಗುರುತಿಸುವ ವಿದ್ಯೆಯನ್ನು ಸಾಮಾನ್ಯರ ಕೈಗಿತ್ತಿತು. ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿಪುಕ್ಕ’ ಅದೇ ಉಪಕಾರವನ್ನು ಮಾಡಿತು. 1987ರಿಂದ ಪ್ರತಿ ಜನವರಿಯಲ್ಲೂ ನಡೆಯುತ್ತಿರುವ ಏಷ್ಯದ ಜಲಪಕ್ಷಿ ಗಣತಿ ಚಲುಕಬಾತು, ಸೂಜಿಬಾಲದ ಬಾತುಗಳನ್ನು ‘ಸಾಮಾನ್ಯ’ ಎಂಬ ಪದದ ಸೆರೆಯಿಂದ ಬಿಡಿಸಿ ಅಂಕಿಯ ಸ್ಥಾನಕ್ಕೆ ತಂದಿತು. 2007ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದವರು ‘ಮೈಗ್ರಂಟ್ ವಾಚ್’ ಎಂಬ ಕಾರ್ಯವನ್ನು ಆರಂಭಿಸಿ, ಚಳಿಗಾಲದ ಹಕ್ಕಿಯನ್ನು ಮೊದಲು ಕಂಡ ದಿನವನ್ನು ಬರೆದು ಕಳುಹಿಸಿರೆಂದು ನಾಡಿನ ಜನರನ್ನು ಕೇಳಿದರು. ಮುಂದೆ ಇ–ಬರ್ಡ್ ಎಂಬ ಜಾಗತಿಕ ದಾಖಲೆಗೆ ಈ ಪಟ್ಟಿಗಳೂ ಸೇರಿದುವು. ಅಲ್ಲಿನ ಒಂದು ನಿಯಮ ನನಗೆ ಬಹಳ ಬೆಲೆಯುಳ್ಳದ್ದಾಗಿ ತೋರುತ್ತದೆ: ನೋಡಿದ ಹೊತ್ತು ಎಷ್ಟು, ನಡೆದ ದೂರ ಎಷ್ಟು ಎಂಬುದನ್ನು ಹೇಳಿ, ಗುರುತಿಸಿದ ಹಕ್ಕಿಗಳೆಲ್ಲವನ್ನೂ ಬರೆಯಬೇಕು. ಎಲ್ಲವನ್ನೂ ಬರೆದವನ ಪಟ್ಟಿಯಲ್ಲಿ ಇಲ್ಲದ ಹೆಸರಿಗೂ ಅರ್ಥವುಂಟು. ಬಾರದ ಹಕ್ಕಿಯೂ ದಾಖಲೆಗೆ ಸೇರುತ್ತದೆ. ಬಟ್ಲರನ ಪಟ್ಟಿಯಿಂದ ಇಲ್ಲಿಗೆ ಬಂದ ದೊಡ್ಡ ಹೆಜ್ಜೆ ಇದೇ. ಇಂಥ ಪಟ್ಟಿಗಳ ಆಧಾರದ ಮೇಲೆ 2023ರಲ್ಲಿ ಸಿದ್ಧವಾದ ಭಾರತದ ಪಕ್ಷಿಗಳ ಸ್ಥಿತಿಯ ವರದಿ 942 ಜಾತಿಗಳನ್ನು ಪರಿಶೀಲಿಸಿ, ಬಹುದೂರದಿಂದ ಬರುವ ವಲಸೆಹಕ್ಕಿಗಳು ಸ್ಥಳೀಯ ಹಕ್ಕಿಗಳಿಗಿಂತ ಹೆಚ್ಚಾಗಿ ಕುಗ್ಗುತ್ತಿವೆಯೆಂದು ತಿಳಿಸಿತು.

ಆಕಾಶದಿಂದ ಹಿಂಬಾಲಿಸುವ ವಿಧಾನವೂ ಈಗ ಬಂದಿದೆ. 2013ರಲ್ಲಿ ನಾಗಾಲ್ಯಾಂಡಿನಲ್ಲಿ ಉಪಗ್ರಹದ ಗುರುತು ಹೊತ್ತ ಅಮೂರ್ ಚಾಣಗಳು ಪರ್ಯಾಯದ್ವೀಪವನ್ನೂ ಅರಬ್ಬೀ ಸಮುದ್ರವನ್ನೂ ದಾಟಿ ಆಫ್ರಿಕಕ್ಕೆ ಹೋದುವು. ಮಂಗೋಲಿಯದಲ್ಲಿ ಕೊರಳಪಟ್ಟಿ ಧರಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡುಬಂದಿವೆ. ಆ ಹೆಬ್ಬಾತುಗಳಿಗೆ ಹೆಸರಾದ ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು.

ಆದರೆ ನೀರಿನ ಹಕ್ಕಿಗೆ ದೊರೆತ ಗಮನ ಖಾನಾಪುರದ ಕಾಡಿನ ಪುಟ್ಟ ವಲಸಿಗರಿಗೆ ದೊರೆತಿಲ್ಲ. ಆ ಕಾಡಿನ ಭೀಮಗಡ ವನ್ಯಧಾಮ 2011ರಲ್ಲಿ, 190 ಚದರ ಕಿಲೋಮೀಟರಿನಷ್ಟು ವಿಸ್ತಾರದಲ್ಲಿ ಸ್ಥಾಪಿತವಾಯಿತು; ಅಲ್ಲಿಯ ಬಾರಾಪೇಡೆ ಗುಹೆಯ ಅಪೂರ್ವವಾದ ಬಾವಲಿಯ ಕೀರ್ತಿ ದೂರದವರೆಗೂ ಹಬ್ಬಿದೆ. ಹಿಮಾಲಯದಲ್ಲಿ ಮರಿಮಾಡಿ ಸಹ್ಯಾದ್ರಿಯ ನೆರಳಿಗೆ ಬರುವ ನೀಲಿನೆತ್ತಿಯ ಬಂಡೆಸಿಳ್ಳಾರ, ಎಲೆಗಳ ನಡುವೆ ಹೆಬ್ಬೆರಳಿನಷ್ಟಾಗಿ ಚಲಿಸುವ ಹಸುರು ಉಲಿಯಕ್ಕಿ, ಉತ್ತರದ ಕಾಡುಗಳಿಂದ ರಾತ್ರಿಯ ಹೊತ್ತು ಹಾರಿಬರುವ ನವರಂಗ, ಇವುಗಳನ್ನು ಹಿಂಡಾಗಿ ಎಣಿಸಲಾಗದು. ಒಂದೊಂದನ್ನೂ ದನಿಯಿಂದ ಪತ್ತೆಹಚ್ಚಬೇಕು. ಅದಕ್ಕೆ ಕಿವಿ ಪಳಗಬೇಕು, ಪಳಗಿದ ಕಿವಿ ಒಂದೇ ಹಾದಿಯಲ್ಲಿ ಭಾದ್ರಪದದಿಂದ ಚೈತ್ರದವರೆಗೆ ವಾರವಾರವೂ ನಡೆಯಬೇಕು. ಕಣಕುಂಬಿಯ ಶಾಲೆಗಳ ಮಕ್ಕಳು ಹುಟ್ಟಿನಿಂದಲೇ ಆ ದನಿಗಳ ನಡುವೆ ಇರುವವರು. ಹೊರಗಿನಿಂದ ಬಂದವನು ಹತ್ತು ವರ್ಷದಲ್ಲಿ ಕಲಿಯುವುದನ್ನು ಅವರಿಗೆ ಒಂದು ಋತುವಿನಲ್ಲಿ ಕಲಿಸಬಹುದೆಂಬುದು ನನ್ನ ದೃಢವಾದ ನಂಬಿಕೆ.

ಹಿನ್ನೀರಿನ ಎಣಿಕೆಯಲ್ಲಿಯೂ ಒಂದು ವಿಷಯ ಗಮನಕ್ಕೆ ಬರಬೇಕಾಗಿದೆ. ಜಲಾಶಯ ತುಂಬಿದ್ದಾಗ ಕೆಸರಿನ ಅಂಚು ಮುಳುಗುವುದರಿಂದ ಗದ್ದೆಗೊರವಗಳು ಬೇರೆಡೆಗೆ ಹೋಗುತ್ತವೆ, ಮುಳುಗುವ ಬಾತುಗಳು ಉಳಿಯುತ್ತವೆ; ಕಾಲುವೆಗೆ ನೀರು ಬಿಟ್ಟು ಮಟ್ಟ ಇಳಿದೊಡನೆ ಈ ಲೆಕ್ಕ ತಲೆಕೆಳಗಾಗುತ್ತದೆ. ಆದುದರಿಂದ ಒಂದು ಜನವರಿಯಲ್ಲಿ ಗೊರವಗಳು ಕಡಿಮೆಯಾದುವೆಂದರೆ ಅವು ದೂರದ ಉತ್ತರದ ಬಯಲಿನಲ್ಲಿ ಮರಿಮಾಡಲಾರದೆ ಹೋದುವೋ, ಇಲ್ಲಿ ನೀರು ನಾಲ್ಕು ಅಡಿ ಹೆಚ್ಚಾಗಿ ನಿಂತಿತ್ತೋ ಎಂಬುದು ಹಕ್ಕಿಯ ಪಟ್ಟಿಯೊಂದರಿಂದಲೇ ತಿಳಿಯದು. ನೀರಿನ ಮಟ್ಟವನ್ನು ಅಡಿಗಳಲ್ಲಿ ಅಳೆದು ಬರೆದಿಡುವುದು ಜಲಾಶಯವನ್ನು ನೋಡಿಕೊಳ್ಳುವವರ ನಿತ್ಯದ ಕೆಲಸ. ಎಣಿಸಲು ಹೋದವರು ಅದೇ ದಿನದ ಮಟ್ಟವನ್ನು ಕೇಳಿ, ತಮ್ಮ ಪಟ್ಟಿಯ ತಲೆಯ ಮೇಲೆ, ತಾರೀಖಿನ ಮಗ್ಗುಲಲ್ಲಿ ಬರೆದುಕೊಂಡರೆ ರಕ್ಕಸಕೊಪ್ಪದ ಗಣತಿಯನ್ನು ಧೂಪದಾಳದ ಗಣತಿಯೊಡನೆ, ಈ ವರ್ಷದ್ದನ್ನು ಇಪ್ಪತ್ತು ವರ್ಷದಾಚೆಯದರೊಡನೆ ಇಟ್ಟು ನೋಡಲು ಸಾಧ್ಯವಾಗುವುದು.